ಒಣಗಿದ ಹೊಳೆ ಹುಡುಕಿಕೊಂಡು ಲಿಟನ್‌ಡೇಲ್‌ಗೆ

ಹಡರ್ಸ್‌ಫೀಲ್ಡಿನ ನಮ್ಮ ಮನೆ ಬಿಟ್ಟಾಗ ಶನಿವಾರ ಬೆಳಿಗ್ಗೆ ಎಂಟೂವರೆ. ಕಾರಿನಲ್ಲಿ ಮೂವರು: ನಾನು, ನನ್ನ ಗಂಡ ಬಸು, ಅವನ ಅಕ್ಕ ಗಂಗಕ್ಕ. ಹಿಂದೆ ಡಿಕ್ಕಿಯಲ್ಲಿ ಪಕ್ಕದ ಮನೆಯವರನ್ನು ಕೇಳಿ ತಂದ ಟೆಂಟು, ಗ್ಯಾಸಿನ ಪುಟ್ಟ ಒಲೆ, ಮತ್ತು ಒಂದು ದಿಬ್ಬಣಕ್ಕೆ ಸಾಲುವಷ್ಟು ಬುತ್ತಿ. ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ, ಬದನೆಕಾಯಿ ಎಣ್ಣೆಗಾಯಿ, ಮೊಸರನ್ನ. ಗಂಗಕ್ಕನ ತೊಡೆಯ ಮೇಲೆ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದ ಹಿತ್ತಾಳೆ ತಂಬಿಗೆ. ಅದನ್ನು ಡಿಕ್ಕಿಯಲ್ಲಿಡಲು ಆಕೆ ಒಪ್ಪಲಿಲ್ಲ.

ಈ ದೇಶದಲ್ಲಿ ಜನ ಟೆಂಟು ಹೊತ್ತು ಹೋಗುವುದು ನೀರಿರುವ ಕಡೆ. ನಾವು ಹೊರಟಿದ್ದು ನೀರಿಲ್ಲದ ಹೊಳೆ ನೋಡಲು. ಕಾರಣ ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನಮಗೆ ತಲೆ ಕೆಟ್ಟಿತ್ತೆಂದು ನೀವು ಅಂದುಕೊಂಡೀರಿ.

ಗಂಗಕ್ಕನ ಊರು ಬಾದಾಮಿ ಕಡೆ, ಮಲಪ್ರಭೆಯ ದಂಡೆಯಲ್ಲಿ. ಬೇಸಿಗೆಯಲ್ಲಿ ಹೊಳೆ ಬತ್ತಿದಾಗ ಹೆಂಗಸರು ಉಸುಕಿನಲ್ಲಿ ಗುಂಡಿ ತೋಡಿ, ತಳದಲ್ಲಿ ಜಿನುಗುವ ನೀರನ್ನು ತಂಬಿಗೆಯಿಂದ ಕೊಡಕ್ಕೆ ತುಂಬುತ್ತಿದ್ದರಂತೆ. ಅದಕ್ಕೆ ಅವರು ವರ್ತಿ ಅನ್ನುತ್ತಾರೆ. ಎಲ್ಲಿ ತೋಡಿದರೆ ನೀರು ಬಂದೀತು ಎಂದು ತೋರಿಸುವುದರಲ್ಲಿ ಗಂಗಕ್ಕನದು ಎತ್ತಿದ ಕೈ. ಅವರ ಮನೆಯಲ್ಲಿ ಒಂದು ಕಟ್ಟಳೆಯೂ ಇತ್ತು: ತೋಡಿದವರು ಮೊದಲ ನೀರು ತಾವು ಕುಡಿಯುವಂತಿಲ್ಲ, ಬೇರೆ ಯಾರಿಗಾದರೂ ಕೊಟ್ಟು ಆಮೇಲೆ ಕುಡಿಯಬೇಕು. ಊರಿಗೆ ನಳ ಬಂತು, ಒಳ್ಳೆಯದೇ ಆಯಿತು. ಅದರ ಹಿಂದೆಯೇ ಲಾರಿಗಳು ಬಂದು ಹೊಳೆಯ ಉಸುಕನ್ನೆಲ್ಲ ಹೇರಿಕೊಂಡು ಹೋದವು. ಈಗ ಅಲ್ಲಿ ಕೆಸರಿನ ಹೊಂಡ, ಜಾಲಿಕಂಟಿ. ಆಕೆ ವರ್ತಿ ತೋಡಿ ಹದಿನೈದು ವರ್ಷದ ಮೇಲಾಗಿದೆ.

ಆರು ತಿಂಗಳ ವೀಸಾ ಮೇಲೆ ಬಂದ ಗಂಗಕ್ಕ ನಮ್ಮಲ್ಲಿ ಏನನ್ನೂ ಕೇಳಿದವಳಲ್ಲ. ಲಂಡನ್ ಬೇಡ, ಅರಮನೆ ಬೇಡ. ಮೇ ತಿಂಗಳ ಒಂದು ದಿನ ಕಿಟಕಿಯಲ್ಲಿ ನಿಂತು ಕೇಳಿದಳು: "ಈ ದೇಶದಾಗ ಹೊಳಿ ಒಣಗೂದ ಇಲ್ಲೇನು ತಮ್ಮಾ? ಹೋಗೂದ್ರಾಗ ಒಂದ ಸಲ ವರ್ತಿ ತೋಡಬೇಕು ಅನ್ನಿಸೇತಿ."

ನಾನು ನಕ್ಕುಬಿಟ್ಟೆ. ನಾನು ಉಡುಪಿ ಹತ್ತಿರದ ಕೆಮ್ಮಣ್ಣಿನವಳು. ನಮ್ಮಲ್ಲಿ ಹೊಳೆ ಎಂದರೆ ದೋಣಿ ಹೋಗುವಷ್ಟು ನೀರು. "ಒಣಗಿದ ಹೊಳೆಯಲ್ಲಿ ಎಂತ ನೋಡ್ಲಿಕ್ಕುಂಟು ಅಕ್ಕಾ?" ಎಂದೆ. ಆಕೆ ಕಿಟಕಿ ಬಿಟ್ಟು ಒಳಗೆ ಹೋದಳು. ಅಂದು ಊಟಕ್ಕೂ ಸರಿಯಾಗಿ ಕೂರಲಿಲ್ಲ. ಆ ನಗುವನ್ನು ವಾಪಸು ತೆಗೆದುಕೊಳ್ಳುವಂತಿದ್ದರೆ ತೆಗೆದುಕೊಳ್ಳುತ್ತಿದ್ದೆ.

ಆಮೇಲೆ ಐದು ವಾರ ಮಳೆ ಬರಲಿಲ್ಲ. ಹೋಸ್‌ಪೈಪು ಬಳಸಬಾರದೆಂಬ ಆಜ್ಞೆ ಬಂತು. ಬೀದಿಯವರೆಲ್ಲ ತಮ್ಮ ಹುಲ್ಲು ಕಂದಿತೆಂದು ಗೋಳಾಡುತ್ತಿದ್ದಾಗ ನಮ್ಮ ಮನೆಯಲ್ಲಿ ಒಬ್ಬಳ ಮುಖ ಅರಳಿತು. ಲಿಟನ್‌ಡೇಲ್ ಕಣಿವೆಯ ಸ್ಕರ್‌ಫೇರ್ ಹೊಳೆ ಇಂಥ ಬೇಸಿಗೆಯಲ್ಲಿ ಸುಣ್ಣಕಲ್ಲಿನ ಕೆಳಗೆ ಇಳಿದು ಮಾಯವಾಗುತ್ತದೆಂದು ಬಸುವಿಗೆ ಆಸ್ಪತ್ರೆಯ ಸಹೋದ್ಯೋಗಿಯೊಬ್ಬ ಹೇಳಿದ. ಆಸ್ಪತ್ರೆಯ ಡ್ಯೂಟಿ ಪಟ್ಟಿಯಲ್ಲಿ ಬಸುವಿಗೆ ಬಿಡುವಿದ್ದುದು ಈ ಎರಡೇ ದಿನ. ಗಂಗಕ್ಕನ ವಿಮಾನ ಬರುವ ಗುರುವಾರ. ಭಾನುವಾರ ಮಳೆ ಎಂದು ಹವಾಮಾನದವರು ಆಗಲೇ ಹೇಳಿಯಾಗಿತ್ತು.

ಬ್ರಾಡ್‌ಫರ್ಡ್ ದಾಟಿ ಸ್ಕಿಪ್ಟನ್ನಿನಲ್ಲಿ ಚಹಾಕ್ಕೆ ನಿಂತೆವು. ಸುಮಾರು ಐವತ್ತು ಮೈಲಿಯ ದಾರಿ, ನಿಂತು ನಿಂತು ಎರಡು ಗಂಟೆಗೂ ಮೀರಿ ಹಿಡಿಯಿತು. ಕಣಿವೆಯೊಳಗೆ ಹೊಕ್ಕ ಮೇಲೆ ರಸ್ತೆ ಒಂದು ಕಾರಿನಷ್ಟೇ ಅಗಲ. ಎರಡೂ ಬದಿಗೆ ಗಾರೆಯಿಲ್ಲದೆ ಪೇರಿಸಿದ ಕಲ್ಲಿನ ಗೋಡೆ, ಅದರಾಚೆ ಕುರಿ. ಎದುರಿಗೆ ಟ್ರ್ಯಾಕ್ಟರ್ ಬಂದಾಗಲೆಲ್ಲ ಬಸು ಹಿಂದಕ್ಕೆ ಓಡಿಸಬೇಕಾಯಿತು. ಆರ್ನ್‌ಕ್ಲಿಫ್ ಹಳ್ಳಿ ದಾಟಿ ಸ್ವಲ್ಪ ದೂರಕ್ಕೆ ಹೊಳೆ ಕಾಣಿಸಿತು. ತೊಟ್ಟು ನೀರಿಲ್ಲ. ಬಿಳೀ ಕಲ್ಲುಗಳು ಬಿಸಿಲಿಗೆ ಬಿದ್ದುಕೊಂಡಿದ್ದವು.

ಗಂಗಕ್ಕ ಬೂಟು ಬಿಚ್ಚಿ ಬರಿಗಾಲಲ್ಲಿ ಇಳಿದಳು. ಬಾಗಿ ಕಲ್ಲುಗಳನ್ನು ಮುಟ್ಟಿದಳು. "ಉಸುಕು ಇಲ್ಲ, ಬರೇ ಕಲ್ಲು," ಎಂದಳು. ಒಂದು ಕಲ್ಲನ್ನು ಎತ್ತಿ ಮಗುಚಿ, "ಇರವಲ್ದ್ಯಾಕ. ಹೊಳೀನ ಹೌದು."

ಬಸು ದಂಡೆಯಲ್ಲೇ ಟೆಂಟು ಹೊಡೆಯತೊಡಗಿದ. ಯಾರನ್ನಾದರೂ ಕೇಳಬೇಕಲ್ಲವಾ ಎಂದೆ. "ನ್ಯಾಷನಲ್ ಪಾರ್ಕ್ ಇದು, ಸರ್ಕಾರದ ಜಾಗ. ಹೊಳಿ ಏನು ಯಾರಪ್ಪನ ಆಸ್ತೀನೂ ಅಲ್ಲ," ಎಂದ ದೊಡ್ಡ ತಿಳಿದವನ ಹಾಗೆ. ಮೂರನೆಯ ಗೂಟ ನೆಲಕ್ಕಿಳಿಯುವ ಮೊದಲೇ ನಾಲ್ಕು ಚಕ್ರದ ಬೈಕೊಂದು ಗುಡುಗುಟ್ಟುತ್ತ ಬಂತು. ಮೇಲೆ ಅರವತ್ತರ ಆಸುಪಾಸಿನ ಹೆಂಗಸು, ಬೆನ್ನ ಹಿಂದೆ ನಾಯಿ.

"ಇದು ನಮ್ಮ ಜಮೀನು," ಎಂದಳು ಆಕೆ. "ಪಾರ್ಕ್ ಅನ್ನೋದು ಹೆಸರಿಗಷ್ಟೇ. ಕಾಲುದಾರಿಯಲ್ಲಿ ಎಷ್ಟು ಬೇಕಾದರೂ ನಡೆಯಿರಿ, ಯಾರೂ ತಡೆಯಲ್ಲ. ರಾತ್ರಿ ಉಳಿಯಬೇಕಾದರೆ ಕೇಳಬೇಕು."

ಬಸುವಿನ ಕಿವಿ ಕೆಂಪಾದವು. ಗಂಗಕ್ಕ ಕಲ್ಲುಗಳ ನಡುವಿನಿಂದಲೇ ಕೂಗಿದಳು, "ಏನಂತಾಳ ಅಕಿ?"

"ಈ ಜಾಗ ತನ್ನದಂತ, ಅಕ್ಕಾ," ಎಂದ ಬಸು.

"ಹೊಳೀನೂ ಅಕಿದ?" ಗಂಗಕ್ಕ ಹೊಳೆಯ ಉದ್ದಕ್ಕೂ ಕಣ್ಣು ಹಾಯಿಸಿದಳು. "ಹಂಗಾದ್ರ ಅಕಿನ್ನ ಕೇಳು, ಒಂದ ವರ್ತಿ ತೋಡ್ಲೇನು ಅಂತ."

ನಾನು ನನಗೆ ತಿಳಿದಂತೆ ವಿವರಿಸಿದೆ. ರೈತ ಹೆಂಗಸು ನನ್ನನ್ನೂ ಗಂಗಕ್ಕನನ್ನೂ ನೋಡಿದಳು. "ನೀರು ಬೇಕಿದ್ದರೆ ನಮ್ಮ ಅಂಗಳದಲ್ಲಿ ನಲ್ಲಿ ಇದೆಯಲ್ಲ."

ಅದನ್ನು ಗಂಗಕ್ಕನಿಗೆ ಹೇಳಿದೆ. "ನಳ ನಮ್ಮನ್ಯಾಗೂ ಐತಿ," ಎಂದಳು. ಅದನ್ನು ಇಂಗ್ಲಿಷಿಗೆ ತಿರುಗಿಸಿದಾಗ ರೈತ ಹೆಂಗಸು ಮೊದಲ ಬಾರಿ ನಕ್ಕಳು. ತೋಡಿ, ಆದರೆ ಕುರಿಯ ಕಾಲು ಸಿಕ್ಕಿಕೊಳ್ಳದ ಹಾಗೆ ಮೇಲೆ ಕಲ್ಲು ಮುಚ್ಚಿ ಎಂದಳು. ಟೆಂಟನ್ನು ಮೇಲಿನ ಹೊಲದ ಗೋಡೆಯ ಪಕ್ಕಕ್ಕೆ ಒಯ್ಯಿರಿ, ಹೊಳೆಯ ಹತ್ತಿರ ಮಲಗಬೇಡಿ, ಗುಡ್ಡದ ಮೇಲೆ ಮಳೆಯಾದರೆ ಇದು ಹೇಳದೆ ಕೇಳದೆ ಬರುತ್ತದೆ ಎಂದಳು. "ನೀರು ಮಾತ್ರ ಸಿಗಲ್ಲ. ಅದೆಲ್ಲ ಬಂಡೆಯ ಕೆಳಗಿದೆ."

ಗಂಗಕ್ಕ ಹೊಳೆಯಲ್ಲಿ ಮೇಲಕ್ಕೂ ಕೆಳಕ್ಕೂ ನಡೆದು, ತಿರುವಿನ ಒಳಬದಿಯಲ್ಲಿ ಒಂದು ಕಡೆ ಕೂತಳು. ದೊಡ್ಡ ಕಲ್ಲುಗಳನ್ನು ಬಸು ಎತ್ತಿಹಾಕಿದ. ಸಣ್ಣವನ್ನು ಆಕೆ ಸಾರಿನ ಸೌಟಿನಿಂದ ಕೆದರಿ ತೆಗೆದಳು. ಊಟದ ಹೊತ್ತಿಗೆ ಗುಂಡಿ ಮೊಣಕೈ ಆಳವಾಗಿತ್ತು, ಸಂಜೆಯ ಹೊತ್ತಿಗೆ ತೋಳಿನಷ್ಟು. ತಳದ ಹರಳು ತಂಪಾಗಿತ್ತು, ಅಷ್ಟೇ. ಏಳು ಗಂಟೆಗೂ ಬಿಸಿಲು ಹಾಗೇ ಇತ್ತು. ಗಂಗಕ್ಕ ಗುಂಡಿಯೊಳಗೆ ಕೈ ಇಟ್ಟುಕೊಂಡು ತುಂಬಾ ಹೊತ್ತು ಕೂತಿದ್ದಳು. ನೀರು ಬರಲಿ ಎಂದು ನಾನು ಅಷ್ಟು ಆಸೆಪಟ್ಟದ್ದು ಜೀವನದಲ್ಲೇ ಇಲ್ಲ. ದೋಣಿಯ ಊರಿನವಳಿಗೆ ನೀರಿನ ಆಸೆ ಏನೆಂದು ಗೊತ್ತಿರಲಿಲ್ಲ.

"ಬೆಳಗಾನ ನೋಡೂಣು," ಎಂದು ಆಕೆ ಚಪ್ಪಟೆ ಕಲ್ಲೊಂದನ್ನು ಬಾಯಿಗೆ ಮುಚ್ಚಿದಳು. ಟೆಂಟಿನಲ್ಲಿ ಮೂವರೂ ಬೇಗ ಮಲಗಿದೆವು. ಗೋಡೆಯಾಚೆ ಕುರಿಗಳು ಕೆಮ್ಮುತ್ತಿದ್ದುದು ಥೇಟ್ ಮನುಷ್ಯರ ಕೆಮ್ಮಿನ ಹಾಗಿತ್ತು.

ಬೆಳಿಗ್ಗೆ ಎದ್ದಾಗ ಗುಡ್ಡದ ನೆತ್ತಿ ಮೋಡದಲ್ಲಿ ಕಾಣುತ್ತಿರಲಿಲ್ಲ. ನಮ್ಮಲ್ಲಿ ಹನಿ ಬಿದ್ದಿರಲಿಲ್ಲ. ಗಂಗಕ್ಕನ ಹಾಸಿಗೆ ಖಾಲಿ. ನಾವು ಓಡಿಕೊಂಡು ಕೆಳಗೆ ಹೋದೆವು. ಆಕೆ ಕಲ್ಲು ಸರಿಸಿ ಬಗ್ಗಿದ್ದಳು. ಗುಂಡಿಯ ತಳದಲ್ಲಿ ನೀರು! ಒಂದು ಗೇಣು ನೀರು, ಹರಳು ಎಣಿಸುವಷ್ಟು ತಿಳಿ.

"ಬಂತಲ್ಲೋ ತಮ್ಮಾ!" ಎಂದಳು. ಅರವತ್ಮೂರು ವರ್ಷದ ಹೆಂಗಸು ಹುಡುಗಿಯ ಹಾಗೆ ಕಿರುಚಿದಳು. ಬಸು ಅತ್ತುಬಿಟ್ಟ. ನಾನೂ ಅತ್ತೆ, ಸುಳ್ಳು ಯಾಕೆ ಹೇಳಲಿ.

ಆಕೆ ತಂಬಿಗೆ ಅದ್ದಿ ತುಂಬುವಷ್ಟರಲ್ಲಿ ಬೈಕಿನ ಸದ್ದು. ರೈತ ಹೆಂಗಸು ದಂಡೆಯಿಂದಲೇ ಕೂಗಿದಳು: "ಗುಡ್ಡದ ಮೇಲೆ ಬೆಳಗಿನ ನಾಲ್ಕರಿಂದ ಮಳೆ. ಈಗ ನೀರು ಅಡಿಯಿಂದ ಏಳುತ್ತಿದೆ, ಹಿಂದೆಯೇ ಮೇಲಿನಿಂದಲೂ ಬರುತ್ತೆ. ಹೊರಗೆ ಬನ್ನಿ."

ಗಂಗಕ್ಕ ದಂಡೆ ಹತ್ತಿ ನೇರ ಆಕೆಯ ಮುಂದೆ ತಂಬಿಗೆ ಹಿಡಿದಳು. "ಹೊಳಿ ಅಕಿದು. ಮೊದಲ ಅಕಿಗೆ."

ಮೊದಲ ನೀರಿನ ಕಟ್ಟಳೆಯನ್ನು ನಾನು ಹೇಳಿದೆ. ಮೇಲಿನ ಗುಡ್ಡದ ತುಂಬ ಕುರಿ ಇರುವುದು, ಅವುಗಳ ಹಿಕ್ಕೆ ತೊಳೆದೇ ಈ ನೀರು ಬರುವುದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೂ ಕೈಗವಸು ಕಳಚಿ, ಎರಡೂ ಕೈಯಲ್ಲಿ ತಂಬಿಗೆ ಹಿಡಿದು ಒಂದು ಗುಟುಕು ಕುಡಿದಳು. "ಹುಟ್ಟಿದಾಗಿನಿಂದ ಇಲ್ಲೇ ಇದ್ದೇನೆ," ಎಂದಳು. "ಒಣಗಿದಾಗ ಇದರ ನೀರು ಕುಡಿದವಳಲ್ಲ. ಎಷ್ಟು ತಣ್ಣಗಿದೆ."

ಉಳಿದುದನ್ನು ಗಂಗಕ್ಕ ತಲೆ ಹಿಂದಕ್ಕೆ ಮಾಡಿ, ತಂಬಿಗೆ ಎತ್ತಿ, ತುಟಿಗೆ ತಾಗಿಸದೆ ಗಟಗಟ ಕುಡಿದಳು. ಕಣ್ಣು ಮುಚ್ಚಿತ್ತು. ನನಗೆ ಎಂದು ಕೈಚಾಚಿದಾಗ ತಂಬಿಗೆ ಖಾಲಿ. ತಿರುಗಿ ನೋಡಿದರೆ ಕಲ್ಲುಗಳ ನಡುವೆ ನೊರೆ ಹೊತ್ತ ಕಂದು ನೀರಿನ ಎಳೆಯೊಂದು ಬಂದು, ಗುಂಡಿಯನ್ನು ಹುಡುಕಿಕೊಂಡು ಬಂದಂತೆ ಅದರೊಳಗೆ ಇಳಿಯಿತು. ಹತ್ತು ನಿಮಿಷದಲ್ಲಿ ಗುಂಡಿ ಎಲ್ಲಿತ್ತೆಂದು ಹೇಳುವಂತಿರಲಿಲ್ಲ.

"ನನಗೆ ಒಂದು ಗುಟುಕೂ ಸಿಗ್ಲಿಲ್ಲ ಅಕ್ಕಾ," ಎಂದೆ. ನಕ್ಕವಳಿಗೆ ಆಗಬೇಕಾದ್ದೇ ಆಗಿತ್ತು.

"ನಿನ್ನ ಪಾಲು ಅಲ್ಲೇ ಐತಿ, ತಂಗಿ. ಒಣಗಿದ ಮ್ಯಾಲ ಬಂದು ತೋಡ್ಕೋ. ಇಲ್ಲಿ ಲಾರಿ ತಂದು ಒಯ್ಯಾವ್ರು ಯಾರೂ ಇಲ್ಲ."

ಆರ್ನ್‌ಕ್ಲಿಫ್ಫಿನ ಸೇತುವೆಯ ಮೇಲೆ ಬಸು ಕಾರು ನಿಲ್ಲಿಸಿದ. ಕೆಳಗೆ ಹೊಳೆ ಸದ್ದು ಮಾಡುತ್ತ ಹೋಗುತ್ತಿತ್ತು. ಮಳೆ ನಮ್ಮ ಮೇಲೂ ಬಂದಿತ್ತು. ಗಂಗಕ್ಕ ಗಾಜು ಇಳಿಸಿ ನೋಡಿದಳು.

ಗುರುವಾರ ಮ್ಯಾಂಚೆಸ್ಟರ್ ವಿಮಾನ ನಿಲ್ದಾಣದಲ್ಲಿ ಆಕೆ ತಂಬಿಗೆಯನ್ನು ನನ್ನ ಕೈಗೆ ಕೊಟ್ಟು ಹೋದಳು. ಈಗ ಅದು ಅಡುಗೆಮನೆಯ ಕಿಟಕಿಯಲ್ಲಿದೆ, ಹೊರಗೆ ದಿನವೂ ಮಳೆ. ದೇಶದ ಹೊಳೆಗಳ ನೀರಿನ ಮಟ್ಟ ಹೇಳುವ ಪುಟವೊಂದನ್ನು ಫೋನಿನಲ್ಲಿ ಬೆಳಿಗ್ಗೆ ಎದ್ದ ಕೂಡಲೇ ತೆರೆಯುತ್ತೇನೆ. ಕೆಮ್ಮಣ್ಣಿನವರು ಕೇಳಿದರೆ ನಂಬಲಿಕ್ಕಿಲ್ಲ, ಹೊಳೆ ಒಣಗಲಿ ಎಂದು ಹಂಬಲಿಸುತ್ತಿದ್ದೇನೆ.

ಭಾನುವಾರಗಳಂದು ಗಂಗಕ್ಕ ಫೋನು ಮಾಡುತ್ತಾಳೆ. ಮೊದಲ ಪ್ರಶ್ನೆ ಯಾವಾಗಲೂ ಅದೇ: "ಒಣಗೇತೇನು?"

"ಇಲ್ಲ ಅಕ್ಕಾ, ತುಂಬಿ ಹೋಗ್ತಾ ಉಂಟು."

"ಒಣಗತೈತಿ ಬಿಡು. ತೋಡಿದ ಮ್ಯಾಲ ಮೊದಲನೇ ನೀರು ಯಾರಿಗೆ ಕೊಡ್ತಿ?"

"ನಿಮಗೇ. ನೀವು ಬರ್ಬೇಕು."

ಆ ಕಡೆಯಿಂದ, ದೂರದಲ್ಲೆಲ್ಲೋ ಲಾರಿಯೊಂದು ಹಾದುಹೋದ ಸದ್ದು.

"ಹೊಳಿ ಅಕಿದು, ಅಕಿಗೇ ಕೊಡು," ಎಂದಳು ಆಮೇಲೆ. "ಆದ್ರ ಕೊಡೂ ಮೊದಲ ನನಗ ಫೋನ್ ಹಚ್ಚು. ತಂಬಗಿ ಅದ್ದೂ ಸಪ್ಪಳ ಕೇಳ್ತೇನಿ."