ಆಕ್ಸಿಲರೇಟರಿನ ಮೇಲೆ ಎರಡು ಬೆರಳು

ಸೈಕಲ್ ತುಳಿಯಲೂ ಬಾರದ ನಾನು ಈಗ ಸಂಜೆ ದೀಪ ಹಚ್ಚಿದ ಮೇಲೆ ಟೀವಿ ಮುಂದೆ ಕೂತು ಕೆಂಪು ಬಣ್ಣದ ರೇಸ್ ಕಾರು ಓಡಿಸುತ್ತೇನೆ. ಓಡಿಸುತ್ತೇನೆ ಅನ್ನುವುದು ದೊಡ್ಡ ಮಾತಾಯಿತು. ಒಂದು ಗೋಡೆಯಿಂದ ಹೊರಡಿಸಿ ಇನ್ನೊಂದು ಗೋಡೆಗೆ ತಲುಪಿಸುತ್ತೇನೆ. ಕಾರಿಗೆ ಬಾಯಿ ಇದ್ದಿದ್ದರೆ ನಮ್ಮ ಹೊಳೆನರಸೀಪುರ ಪೂರ್ತಿ ಕೇಳುವ ಹಾಗೆ ಅಳುತ್ತಿತ್ತು.

ಈ ವಯಸ್ಸಿನಲ್ಲಿ ನನಗೆ ಇದು ಬೇಕಿತ್ತೇ ಎಂದು ಕೇಳುವವರಿಗೆ ಉತ್ತರ ನಮ್ಮ ಯಜಮಾನರ ಬಲಗೈ. ಅವರು ಸರ್ಕಾರಿ ಬಸ್ಸಿನ ಡ್ರೈವರಾಗಿದ್ದವರು. ಹಾಸನದಿಂದ ಅರಕಲಗೂಡಿನವರೆಗೆ ರಸ್ತೆಯ ಒಂದೊಂದು ಗುಂಡಿಯೂ ಅವರಿಗೆ ನೆಂಟ. ರಿಟೈರಾಗಿ ಮನೆಯಲ್ಲಿ ಕೂತ ಮೇಲೆ ಒಂದು ಬೆಳಿಗ್ಗೆ ಲಕ್ವ ಹೊಡೆಯಿತು. ದೇವರು ದೊಡ್ಡವನು, ಮಾತು ಹೋಗಲಿಲ್ಲ. ಹೋಗಿದ್ದರೆ ನನ್ನ ಸಾರಿಗೆ ಉಪ್ಪು ಹೆಚ್ಚಾಯಿತೆಂದು ಹೇಳಲು ಇನ್ಯಾರಿದ್ದರು? ಕಾಲೂ ನಿಧಾನವಾಗಿ ಬಂತು. ಬಲಗೈ ಬೆರಳುಗಳು ಮಾತ್ರ ಇಟ್ಟಲ್ಲಿ ಇಟ್ಟ ಹಾಗೆ, ಯಾರದೋ ಕೈಯ ಬೆರಳಿನಂತೆ ಬಿದ್ದಿರುತ್ತಿದ್ದವು. ಅನ್ನ ಕಲಸಿ ತಿನ್ನಿಸುವುದು ನಾನೇ. ಬಾಯಿ ತೆರೆಯುವಾಗೆಲ್ಲ ಅವರು ಗೋಡೆ ಕಡೆ ನೋಡುತ್ತಿದ್ದರು.

ಹಾಸನದಲ್ಲಿ ವ್ಯಾಯಾಮ ಮಾಡಿಸುವ ಹುಡುಗಿ ಬಿಡಿಸಿ ಹೇಳಿದ್ದಳು. "ಆಂಟಿ, ಈಗ್ಲೇ ದಿನಾ ಬೆರಳಿಗೆ ಕೆಲಸ ಕೊಡ್ಬೇಕು. ಬಿಟ್ರೆ ಹಂಗೇ ಸೆಟೆದುಕೊಂಡ್ಬಿಡ್ತವೆ, ಆಮೇಲೆ ಬರೋದು ಕಷ್ಟ." ಹಿಸುಕಲು ಒಂದು ಮೆತ್ತನೆಯ ಚೆಂಡನ್ನೂ ಕೊಟ್ಟಳು. ಇವರು ಅದನ್ನು ಎಡಗೈಯಲ್ಲಿ ತೆಗೆದುಕೊಂಡು ಮಂಚದ ಕೆಳಕ್ಕೆ ಉರುಳಿಸಿದರು. "ನಾನೇನು ಮಗೂನಾ ಚೆಂಡಾಡಾಕೆ?"

ನಮ್ಮ ಮಗಳು ಚನ್ನರಾಯಪಟ್ಟಣದಲ್ಲಿ ಟೀಚರು. ಅವಳ ಗಂಡ ಈಗ ಆಡದೆ ಬಿಟ್ಟ ಒಂದು ಗೇಮಿನ ಪೆಟ್ಟಿಗೆಯನ್ನು ಚೀಲದಲ್ಲಿ ಹಾಕಿಕೊಂಡು ಬಂದು ನಮ್ಮ ಟೀವಿಗೆ ಸಿಕ್ಕಿಸಿದಳು. ಅಡುಗೆಮನೆಗೆ ಬಂದು ಪಿಸುಗುಟ್ಟಿದಳು. "ಅಮ್ಮಾ, ಇದ್ರಲ್ಲಿ ಆಕ್ಸಿಲರೇಟರ್ ಬರೋದು ಬಲಗೈ ತೋರುಬೆರಳಿಗೆ. ಅದನ್ನ ಒತ್ತುದ್ರೆನೇ ಗಾಡಿ ಮುಂದಕ್ಕೆ ಓಗೋದು. ಅಪ್ಪಂಗೆ ವ್ಯಾಯಾಮ ಅನ್ಬೇಡ, ಗಾಡಿ ಅನ್ನು."

ಗಾಡಿ ಅಂದೆ. ಅವರು ಕೈಯಲ್ಲಿ ಹಿಡಿಯುವ ಆ ಕಪ್ಪು ರಿಮೋಟನ್ನು ಹಿಂದೆ ಮುಂದೆ ನೋಡಿದರು. "ಸ್ಟೇರಿಂಗಿಲ್ಲ, ಕ್ಲಚ್ಚಿಲ್ಲ, ಇದೂ ಒಂದು ಗಾಡಿನಾ? ತಗೊಂಡೋಗವ್ವ, ನಿನ್ನ ಇಸ್ಕೂಲ್ ಮಕ್ಳಿಗೆ ಕೊಡು."

"ಇರ್ಲಿ ಬಿಡಿ, ನಾನು ಆಡ್ತೀನಿ," ಎಂದುಬಿಟ್ಟೆ. ಬೇರೆಯವರು ಕೆಟ್ಟದಾಗಿ ಗಾಡಿ ಓಡಿಸುವುದನ್ನು ಯಾವ ಡ್ರೈವರೂ ಸುಮ್ಮನೆ ಕೂತು ನೋಡಲಾರ ಎನ್ನುವುದು ನನ್ನ ಲೆಕ್ಕಾಚಾರ. ಕೆಟ್ಟದಾಗಿ ಓಡಿಸಲು ನಾನು ಪ್ರಯತ್ನವನ್ನೇ ಪಡಬೇಕಾಗಲಿಲ್ಲ.

ಮೊದಲ ದಿನ ಕಾರು ಹೊರಟಿದ್ದೇ ಬೇಲಿಗೆ ಗುದ್ದಿ ತಿರುಗಿ ನಿಂತಿತು. ನಾನು ಹಾಗೇ ಒತ್ತಿದೆ. ದಾರಿ ಬಲಕ್ಕೆ ಬಳಸುತ್ತಾ ಹೋಯಿತು. ಗುಡಿಯಲ್ಲಿ ದಿನವೂ ಪ್ರದಕ್ಷಿಣೆ ಹಾಕುವವಳಿಗೆ ಬಲಕ್ಕೆ ಸುತ್ತುವುದೇ ಸರಿ ಅನಿಸಿ, ಗೇಮೂ ಬಲ್ಲವರು ಮಾಡಿದ್ದೇ ಎಂದು ಸಮಾಧಾನದಿಂದ ಹೋಗುತ್ತಿದ್ದೆ. ಎದುರಿನಿಂದ ಉಳಿದ ಕಾರುಗಳೆಲ್ಲ ಒಟ್ಟಿಗೆ ನನ್ನ ಮೇಲೇ ಬಂದವು.

"ಇದೇನ್ರೀ, ಎಲ್ಲಾರೂ ಅಪ್ರದಕ್ಷಿಣೆ ಬತ್ತಾವ್ರೆ?"

"ಅವರಲ್ಲ ಕಣೇ, ನೀನು! ಒನ್ ವೇಯಲ್ಲಿ ಉಲ್ಟಾ ನುಗ್ಗಿದೀಯ. ನಿಂಗೆ ಲೈಸೆನ್ಸ್ ಕೊಟ್ಟವರನ್ನ ಸಸ್ಪೆಂಡ್ ಮಾಡ್ಬೇಕು."

ಅವರು ಬೈದಿದ್ದಕ್ಕೆ ನನಗೆ ಒಳಗೊಳಗೇ ಸಂತೋಷ. ನೋಡುತ್ತಿದ್ದಾರೆ ಎಂದಾಯಿತಲ್ಲ.

ಮಗಳು ರಾತ್ರಿ ಊಟದ ಹೊತ್ತಿಗೆ ಫೋನ್ ಮಾಡಿ ಪಾಠ ಹೇಳುತ್ತಿದ್ದಳು. ಜೋರಾದ ಕಾರಿಗೆ ಆಸೆಪಡಬೇಡ, ಮೊದಲು ನಿಧಾನದ್ದೇ ಆರಿಸಿಕೋ. ಬಾನೆಟ್ಟಿನ ಮೂತಿ ನೋಡಬೇಡ, ಮುಂದಿನ ತಿರುವು ನೋಡು. ರಸ್ತೆ ಮೇಲೆ ಬಾಣದ ಗುರುತುಗಳಿರುತ್ತವೆ, ಹಸಿರಿದ್ದರೆ ಒತ್ತು, ಕೆಂಪಾದರೆ ಬ್ರೇಕು. ಬ್ರೇಕು ತಿರುವಿಗೆ ಮುಂಚೆ, ತಿರುವಿನೊಳಗೆ ಅಲ್ಲ. ಗುದ್ದಿದರೆ ಗಾಬರಿಯಾಗಬೇಡ, ಆಟವನ್ನು ಸ್ವಲ್ಪ ಹಿಂದಕ್ಕೆ ಕರೆದುಕೊಂಡು ಹೋಗುವ ಒಂದು ಗುಂಡಿ ಇದೆ. ಆ ಗುಂಡಿ ನನಗೆ ಬಹಳ ಹಿಡಿಸಿತು. ಸಂಸಾರದಲ್ಲಿ ಇಲ್ಲದ ಅನುಕೂಲ. ಒತ್ತಿ ಒತ್ತಿ ಹೊರಟ ಜಾಗಕ್ಕೇ ವಾಪಸು ಬರುತ್ತಿದ್ದೆ.

"ತಿರುವು ಬಂದ್ರೆ ಹೊರಗಿನ ಅಂಚಿನಿಂದ ಒಳಗಿನ ಅಂಚಿಗೆ ಬಾ, ಮತ್ತೆ ಹೊರಕ್ಕೆ ಓಗು. ರಸ್ತೆ ಪೂರ್ತಿ ಬಳಸ್ಕೋ ಅಮ್ಮ," ಎಂದಳು ಮಗಳು. ಫೋನು ಸ್ಪೀಕರಿನಲ್ಲಿತ್ತು. ಇವರಿಗೆ ತಡೆಯಲಾಗಲಿಲ್ಲ.

"ರಸ್ತೆ ಪೂರ್ತಿ ಬಳಸ್ಕಳದಾ? ಬೆಂಡಲ್ಲಿ ಎದ್ರಿಗೆ ಲಾರಿ ಬಂದ್ರೆ ನಿಮ್ಮ ತಾತ ಬತ್ತಾನಾ? ಎಡಕ್ಕಿರ್ಬೇಕು ಗಾಡಿ, ಎಡಕ್ಕೆ!"

"ಅಪ್ಪಾ, ರೇಸಲ್ಲಿ ಲಾರಿ ಬರಲ್ಲ."

"ಅಂಗಂದವರೇ ಲಾರಿಗೆ ಗುದ್ದಿರೋದು."

ಅವರ ಮಾತು ಕೇಳಿ ಎಡಕ್ಕೇ ಇದ್ದೆ, ಹುಲ್ಲಿನೊಳಗೆ ಹೋದೆ. ಮಗಳ ಮಾತು ಕೇಳಿ ಒಳಕ್ಕೆ ತಿರುಗಿದೆ, ಕಂಬಕ್ಕೆ ಹೋದೆ. ಒಂದೇ ತಿರುವಿನಲ್ಲಿ ಮತ್ತೆ ಮತ್ತೆ ಗುದ್ದುತ್ತಿದ್ದ ನನ್ನನ್ನು ನೋಡಲಾರದೆ ಒಂದು ಸಂಜೆ ಅವರು ಎಡಗೈ ಚಾಚಿದರು. "ಕೊಡಿಲ್ಲಿ."

ಕೊಟ್ಟೆ. ಎಡಗೈಯಿಂದ ಬಲಗೈಯನ್ನು ಎತ್ತಿ ರಿಮೋಟಿನ ಮೇಲೆ ಇಟ್ಟುಕೊಂಡರು. ತೋರುಬೆರಳನ್ನು ಆಕ್ಸಿಲರೇಟರಿನ ಮೇಲೆ ಕೂರಿಸಿದರು. ಸಹಾಯಕ್ಕೆ ಹೋದ ನನ್ನನ್ನು ಒಂದು ಸಲ ನೋಡಿದರು, ಕೈ ಹಿಂದಕ್ಕೆಳೆದುಕೊಂಡೆ. ಹಸಿರು ದೀಪ ಹತ್ತಿತು. ಬೇರೆ ಕಾರುಗಳು ಧೂಳೆಬ್ಬಿಸಿಕೊಂಡು ಹೋದವು. ನಮ್ಮದು ನಿಂತಿತ್ತು. ಅವರ ಹಣೆಯ ನರ ಉಬ್ಬಿತು, ದವಡೆ ಬಿಗಿಯಿತು, ಬೆರಳು ಅಲುಗಲಿಲ್ಲ. ಕೊನೆಗೆ ಎಡಗೈಯನ್ನೇ ತಂದು ಒತ್ತಿದರು. ತಿರುಗಿಸಲು ಕೈಯಿಲ್ಲದೆ ಕಾರು ನೆಟ್ಟಗೆ ಹೋಗಿ ಹುಲ್ಲಿನಲ್ಲಿ ನಿಂತಿತು.

"ಇದ್ರ ಬ್ಯಾಟ್ರಿ ಓಗೈತೆ," ಎಂದು ರಿಮೋಟನ್ನು ಬದಿಗಿಟ್ಟು ಜಗಲಿಗೆ ಹೋದರು. ಬ್ಯಾಟರಿ ಸರಿಯಾಗಿಯೇ ಇತ್ತು. ನಾನು ಹೌದು ಎಂದೆ.

ಅಲ್ಲಿಂದ ನಾನು ಗೇಮು ಹಾಕಿದರೆ ಅವರು ಎದ್ದು ಹೊರಗೆ ಹೋಗುವುದು ಶುರುವಾಯಿತು. ಅಮಾವಾಸ್ಯೆ ಕಳೆಯಿತು. ಬೆಳಿಗ್ಗೆ ಗುಡಿಯಲ್ಲಿ ನರಸಿಂಹಸ್ವಾಮಿಯ ಮುಂದೆ ನಿಂತು ಕೇಳಿಕೊಂಡೆ, ಕಂಬದೊಳಗಿಂದ ಬಂದವನಪ್ಪ ನೀನು, ಒಂದು ಬೆರಳಿನೊಳಗೆ ಬರುವುದು ನಿನಗೆ ಕಷ್ಟವೇ? ಅರ್ಚಕರು ತೀರ್ಥ ಕೊಟ್ಟರು. ಉತ್ತರ ಕೊಡಲಿಲ್ಲ.

ಅಂದು ಗುಡಿಯಲ್ಲಿ ಯಾರದೋ ಮಗುವಿಗೆ ಅಕ್ಷರಾಭ್ಯಾಸ ನಡೆಯುತ್ತಿತ್ತು. ತಟ್ಟೆಯಲ್ಲಿ ಅಕ್ಕಿ ಹರಡಿ, ಮಗುವಿನ ಬೆರಳಿನ ಮೇಲೆ ಅಪ್ಪನ ಬೆರಳಿಟ್ಟು ಓಂ ಬರೆಸುತ್ತಿದ್ದರು. ಬರೆಯುವುದು ಅಪ್ಪ, ಬೀಗುವುದು ಮಗು. ಮನೆಗೆ ಬಂದವಳೇ ಇವರ ಬಲಗಡೆ ಕೂತೆ.

"ರೀ, ನಂಗೆ ತಿರುಗ್ಸೋದು, ಒತ್ತೋದು ಎರಡೂ ಒಟ್ಗೆ ಆಗ್ತಾ ಇಲ್ಲ. ನೀವು ತಿರುಗ್ಸಿ, ನಾನು ಒತ್ತೀನಿ." ಇದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

"ಸ್ಟೇರಿಂಗ್ ಒಬ್ರುದು, ಆಕ್ಸಿಲರೇಟ್ರು ಇನ್ನೊಬ್ರುದಾ? ಎಲ್ಲಾದ್ರೂ ಉಂಟಾ?"

"ಕಂಡಕ್ಟರ್ ಸೀಟಿ ಊದುದ್ರೆ ತಾನೇ ನಿಮ್ಮ ಬಸ್ಸು ಹೊರಡ್ತಿದ್ದಿದ್ದು? ನನ್ನ ಕಂಡಕ್ಟರ್ ಅಂತ ಅನ್ಕಳಿ."

"ನೀನು ಕಂಡಕ್ಟ್ರಾದ್ರೆ ಪ್ಯಾಸೆಂಜರೆಲ್ಲ ಇಳ್ಕಂಡು ನಡ್ಕಂಡೋಯ್ತಾರೆ," ಎಂದರು. ಆದರೆ ಎಡಗೈ ಮುಂದೆ ಬಂತು. ರಿಮೋಟಿಗೆ ಎರಡು ಕೈ ಬೇಕಲ್ಲ, ಬಲಗೈಯನ್ನೂ ತಾವೇ ಎತ್ತಿಟ್ಟುಕೊಂಡರು.

ಅವರ ತೋರುಬೆರಳು ಆಕ್ಸಿಲರೇಟರಿನ ಮೇಲೆ, ಅದರ ಮೇಲೆ ನನ್ನ ಬೆರಳು. "ರೈಟ್" ಎಂದೆ. ಕಾರು ಹೊರಟಿತು. "ಬಿಡು, ಬಿಡು, ಬೆಂಡು ಬಂತು! ಒತ್ತೀಗ. ಅಷ್ಟು ತುಳೀಬೇಡ್ವೇ, ಡೀಸೆಲ್ ನಿಮ್ಮಪ್ಪಂದಾ?" ಅವರು ಕೂಗಿದ ಹಾಗೆ ಬೆರಳು ಇಳಿಸುತ್ತಿದ್ದೆ, ಎತ್ತುತ್ತಿದ್ದೆ. ಎಲ್ಲರಿಗಿಂತ ಕೊನೆಗೆ ಬಂದೆವು. ಮರುದಿನವೂ ಕೊನೆಗೆ ಬಂದೆವು. ಅರಕಲಗೂಡಿನ ಕೊನೆಯ ಬಸ್ಸಿನ ಹಾಗೆ, ತಡವಾದರೂ ತಪ್ಪದೆ ಬಂದೆವು. ಅವರು ಜಗಲಿಗೆ ಎದ್ದು ಹೋಗುವುದು ನಿಂತಿತು. ಬೆರಳು ಮಾತ್ರ ನನ್ನ ಬೆರಳಿನ ಕೆಳಗೆ ತಣ್ಣಗೆ ಇರುತ್ತಿತ್ತು.

ಒಂದು ಸಂಜೆ, ಅದೇ ರಸ್ತೆ ನೋಡಿ ಸಾಕಾಗಿ ಬೇರೆ ಊರಿನ ರಸ್ತೆ ಹಾಕಿದೆವು. ಯಾವ ದೇಶವೋ ಏನೋ. ಚೆನ್ನಾಗಿ ಓಡುತ್ತಿದ್ದಾಗ ತಿರುವಿನ ತುದಿಯಲ್ಲಿ ದೊಡ್ಡದೊಂದು ಗೋಪುರ ಕಾಣಿಸಿತು, ಮೇಲೆ ಕಳಶದಂಥದ್ದು ಹೊಳೆಯುತ್ತಿತ್ತು. ಬಸ್ಸಿನಲ್ಲಿ ಎಷ್ಟೇ ತೂಕಡಿಸುತ್ತಿದ್ದರೂ ಗೋಪುರ ಕಂಡರೆ ನನ್ನ ಎರಡು ಕೈಯೂ ತಾವಾಗಿಯೇ ಸೇರಿಬಿಡುತ್ತವೆ. ಸೇರಿದವು. ಕಣ್ಣು ಮುಚ್ಚಿಕೊಂಡಿತು. ನಾರಾಯಣ ಎನ್ನುವಷ್ಟರಲ್ಲಿ ಢಮಾರ್ ಎಂದು ಸದ್ದು. ಕಾರು ಗೋಪುರದ ಬುಡಕ್ಕೇ ನುಗ್ಗಿತ್ತು.

"ಬಿಡು ಬಿಡು ಅಂತ ಬಾಯ್ ಬಡ್ಕತಾ ಇವ್ನಿ, ಯಾಕೇ ಬಿಡ್ಲಿಲ್ಲ? ಕಿವಿ ಕೇಳಕಿಲ್ವಾ?"

ನನ್ನ ಕೈಗಳು ಇನ್ನೂ ಎದೆಯ ಹತ್ತಿರ ಮುಗಿದುಕೊಂಡೇ ಇದ್ದವು. "ನಾನು ಆಗ್ಲೇ ಬಿಟ್ಟಿದ್ದೆ ಕಣ್ರೀ."

"ಬಿಟ್ಟಿದ್ರೆ ಗಾಡಿ ಎಂಗೋಯ್ತು?"

ಕೇಳಿದ ಮೇಲೆ ಅವರಿಗೇ ತಿಳಿಯಿತು. ಗೋಡೆಗೆ ಒತ್ತಿಕೊಂಡು ಕಾರು ಇನ್ನೂ ಗುಂಯ್‌ಗುಡುತ್ತಿತ್ತು. ಇಬ್ಬರೂ ಬಗ್ಗಿ ಆ ಬೆರಳನ್ನು ನೋಡಿದೆವು. ತುದಿ ಬಿಳುಚಿಕೊಳ್ಳುವ ಹಾಗೆ ಒತ್ತಿಕೊಂಡಿತ್ತು. ನಾನು ಅಳಬಾರದೆಂದು ಸೆರಗು ಬಾಯಿಗಿಟ್ಟುಕೊಂಡೆ. ಅವರು ಬೆರಳನ್ನು ಎತ್ತಲು ನೋಡಿದರು. ಆಗಲಿಲ್ಲ. ಎಡಗೈಯಿಂದ ಬಿಡಿಸಬೇಕಾಯಿತು.

ಫೋನಿನಲ್ಲಿ ವ್ಯಾಯಾಮದ ಹುಡುಗಿಗೆ ಹೇಳಿದೆ. ಅವಳು ಅಲ್ಲೇ ಕುಣಿದಾಡಿದಳು. "ಹಿಡಿಯೋದು ಮೊದ್ಲು ಬರುತ್ತೆ ಆಂಟಿ, ಬಿಡೋದೇ ಕಷ್ಟ. ಅದು ಬಂದ್ರೆ ಕೈ ಬಂದಂಗೆ. ಇನ್ಮೇಲೆ ಬಿಡೋದನ್ನ ಕಲಿಸಿ."

ಮರುದಿನ ಸಂಜೆ ನಾನು ಪಕ್ಕದಲ್ಲಿ ಕೂರಲು ಹೋದರೆ ಅವರು ರಿಮೋಟನ್ನು ಆ ಕಡೆ ತಿರುಗಿಸಿಕೊಂಡರು. "ಗುಡಿ ಕಂಡಲ್ಲೆಲ್ಲ ಇಳಿಯೋ ಕಂಡಕ್ಟ್ರು ನಂಗ್ ಬ್ಯಾಡ. ಓಗು, ಕಾಫಿ ಮಾಡು."

ಡಿಕಾಕ್ಷನ್ನಿಗೆ ಇಟ್ಟು ಹಜಾರದ ಕಡೆಗೆ ಕಿವಿ ಕೊಟ್ಟೆ. ಗಾಡಿಯ ಸದ್ದು ಏರಿತು, ಏರುತ್ತಲೇ ಹೋಯಿತು, ಢಮಾರ್. ಮತ್ತೆ ಏರಿತು, ಮತ್ತೆ ಢಮಾರ್. ನಡುವೆ ಅವರು ತಮ್ಮ ಬೆರಳಿಗೇ ಬೈಯುವುದು ಕೇಳುತ್ತಿತ್ತು, "ಬಿಡ್ಲಾ, ಬಿಡ್ಲಾ ಅಂದ್ರೆ." ಕಾಫಿ ಲೋಟ ಹಿಡಿದು ಬಾಗಿಲ ಮರೆಯಲ್ಲಿ ನಿಂತೆ. ಒಳಗೆ ಹೋದರೆ, ಏನು ನೋಡ್ತೀಯ ಎಂದು ರಿಮೋಟನ್ನು ಎತ್ತಿಡುವವರೇ. ಕಾಫಿ ಆರಿತು, ನಾನೇ ಕುಡಿದೆ. ಇನ್ನೊಂದು ಮಾಡಿ ತಂದೆ. ಅದೂ ಆರುತ್ತಿತ್ತು.

ಸದ್ದು ಮತ್ತೆ ಏರಿತು. ಏರಿ, ತಿರುವು ಬರುವ ಹೊತ್ತಿಗೆ ಒಂದಿಷ್ಟು ಇಳಿಯಿತು. ಪೂರ್ತಿ ಅಲ್ಲ, ಇಳಿಜಾರಿನಲ್ಲಿ ಬಸ್ಸು ಉಸಿರು ಬಿಡುವಷ್ಟು. ಆಮೇಲೆ ನಿಧಾನವಾಗಿ ಮತ್ತೆ ಏರಿತು.