ಹಾಕಲಾ ಸಾರ್, ಬೇಡವಾ?

ಹೋದ ತಿಂಗಳು ಹಳೇಬೀಡಿನ ದೇವಸ್ಥಾನದ ಜಗಲಿಯ ಮೇಲೆ ನಿಂತು ನಾನು ಭಾರತ ದೇಶದ ಪರವಾಗಿ ಒಂದು ಭಾಷಣ ಹೊಡೆದೆ. ಕೇಳಿದವನು ಒಬ್ಬನೇ. ಉಜ್ಬೇಕಿಸ್ತಾನದವನು.

ನಗಬೇಡಿ. ನಿಜವಾಗಿಯೂ ಉಜ್ಬೇಕಿಸ್ತಾನದವನೇ. ತಾಷ್ಕೆಂಟಿನ ಒಂದು ಪತ್ರಿಕೆಯಲ್ಲಿ ಕೆಲಸ. (ತಾಷ್ಕೆಂಟ್ ಅಂದರೆ ನಮ್ಮ ಪ್ರಧಾನಿಯೊಬ್ಬರು ತೀರಿಕೊಂಡ ಊರು. ಅದಕ್ಕಿಂತ ಹೆಚ್ಚು ನನಗೂ ಗೊತ್ತಿರಲಿಲ್ಲ.) ದೆಹಲಿಯಲ್ಲಿ ವಿದೇಶಿ ಪತ್ರಕರ್ತರ ತರಬೇತಿಗೆ ಅಂತ ಬಂದಿದ್ದ. ಅಲ್ಲಿರುವ ನನ್ನ ಹಳೆಯ ಕ್ಲಾಸ್‌ಮೇಟ್ ಫೋನ್ ಮಾಡಿ, "ಕಲ್ಲಿನ ಕೆತ್ತನೆ ಅಂದ್ರೆ ಪ್ರಾಣ ಬಿಡ್ತಾನೆ ಕಣೋ. ಬೇಲೂರು ಹಳೇಬೀಡು ತೋರಿಸಿ, ಸಂಜೆ ಅರಸೀಕೆರೇಲಿ ರೈಲು ಹತ್ತಿಸಿಬಿಡು" ಅಂದ. ತನ್ನ ಹೆಸರು ಎಲ್ಲೂ ಅಚ್ಚಾಗಬಾರದು ಎಂದು ಈ ಅತಿಥಿ ನನ್ನ ಕೈ ಹಿಡಿದು ಕೇಳಿಕೊಂಡಿದ್ದಾನೆ. ರುಸ್ತುಮ್ ಅಂತ ಕರೆಯೋಣ.

ಅವನ ಇಂಗ್ಲಿಷೂ ನನ್ನ ಇಂಗ್ಲಿಷೂ ಒಂದೇ ಮಟ್ಟದ್ದು. ಚೆನ್ನಾಗಿ ಹೊಂದಿಕೊಂಡಿತು.

ಬೆಳಿಗ್ಗೆ ಬೇಲೂರು ಮುಗಿಸಿ ಬಸ್ಸಿನಲ್ಲಿ ಹಳೇಬೀಡಿಗೆ ಬಂದೆವು. ಆನೆಯ ಸಾಲು, ಕುದುರೆಯ ಸಾಲು ನೋಡುತ್ತ ಒಂದು ಸುತ್ತು ಬಂದವನು ತಟ್ಟನೆ ನಿಂತು ತನ್ನ ಕೆಲಸದ ಬಗ್ಗೆ ಹೇಳತೊಡಗಿದ. ಹೇಳುವಾಗಲೂ ಅತ್ತಿತ್ತ ನೋಡುವ ಅಭ್ಯಾಸ. ಅಲ್ಲಿದ್ದದ್ದು ಕಡಲೆಕಾಯಿ ಮಾರುವ ಒಬ್ಬಳು ಅಜ್ಜಿ ಮತ್ತು ಎರಡು ಮೇಕೆ.

"ನಮ್ಮಲ್ಲಿ ಒಂದು ಕೋಣೆ ಇತ್ತು. ಅದರಲ್ಲೊಬ್ಬ ಮನುಷ್ಯ. ಪ್ರತಿ ಪುಟವನ್ನೂ ಅವನ ಮುಂದಿಡಬೇಕು. ಸೀಲು ಬಿದ್ದರೆ ಅಚ್ಚು. ಈಗ ಆ ಕೋಣೆ ಮುಚ್ಚಿದ್ದಾರೆ" ಎಂದ.

"ಒಳ್ಳೆಯದಾಯಿತಲ್ಲ!" ಅಂದೆ.

"ಇನ್ನು ಮೇಲೆ ಸಂಪಾದಕರೇ ಜವಾಬ್ದಾರಿ ಅಂದರು. ಮಾರನೆಯ ದಿನದ ಪತ್ರಿಕೆಯೂ ಹಿಂದಿನ ದಿನದ ಹಾಗೇ ಬಂತು."

ಹತ್ತಿಯ ಕಾಲದಲ್ಲಿ ಶಾಲೆ ಮಕ್ಕಳನ್ನು ಹತ್ತಿ ಬಿಡಿಸಲು ಹೊಲಕ್ಕೆ ಕಳಿಸುತ್ತಾರಂತೆ. ಅವನ ಮಗಳೂ ಹೋಗುತ್ತಾಳೆ. ಬೆರಳೆಲ್ಲ ಗೀರಿಕೊಂಡು ಮನೆಗೆ ಬರುತ್ತಾಳೆ. ಅಪ್ಪ ಪತ್ರಕರ್ತ, ಆದರೆ ಅದನ್ನು ಬರೆಯುವ ಹಾಗಿಲ್ಲ. ಬರೆದ ಗೆಳೆಯನೊಬ್ಬ ಸಂಬಂಧವೇ ಇಲ್ಲದ ಇನ್ಯಾವುದೋ ಕೇಸಿನಲ್ಲಿ ಒಳಗಿದ್ದಾನೆ.

ಅಯ್ಯೋ ಪಾಪ ಅನ್ನಿಸಿತು. ಅನ್ನಿಸಿದ ಮೇಲೆ ಸುಮ್ಮನಿರಬೇಕಲ್ಲ? ಇಲ್ಲ, ಭಾಷಣ ಶುರು ಹಚ್ಚಿಕೊಂಡೆ. ನಮ್ಮಲ್ಲಿ ಹಾಗಲ್ಲ ರುಸ್ತುಮ್, ಪ್ರಧಾನಿಯನ್ನೇ ಬೈದು ಬರೆಯಬಹುದು. ಯಾರನ್ನೇ ಹಿಡಿದರೂ ಪೊಲೀಸರು ಇಪ್ಪತ್ತನಾಲ್ಕು ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಲೇಬೇಕು. ಸಂವಿಧಾನದಲ್ಲೇ ಇದೆ. ನಾನೇ ಕೂತು ಬರೆದವನ ಹಾಗೆ ಎದೆಯುಬ್ಬಿಸಿ ಹೇಳಿದೆ. ಅವನು ತಲೆದೂಗುತ್ತ ಕೇಳಿದ. ಅವನ ಕಣ್ಣಲ್ಲಿದ್ದದ್ದು ಹೊಟ್ಟೆಕಿಚ್ಚು ಅಂದುಕೊಂಡು ಒಳಗೊಳಗೇ ಖುಷಿಪಟ್ಟೆ.

ಅಂದು ಬುಧವಾರ. ನಮ್ಮ ಈ ನಾಲ್ಕು ಪುಟದ ವಾರಪತ್ರಿಕೆ ಅಚ್ಚಿಗೆ ಹೋಗುವ ದಿನ. ಅರಸೀಕೆರೆ ತಲುಪಿದಾಗ ರೈಲಿಗೆ ಇನ್ನೂ ಎರಡು ಗಂಟೆ ಇತ್ತು. "ಬಾ, ಸ್ವತಂತ್ರ ದೇಶದ ಪತ್ರಿಕೆ ಹೇಗಿರುತ್ತದೆ ನೋಡು" ಎಂದು ಅಲ್ಲಿನ ನಮ್ಮ ಆಫೀಸಿಗೇ ಕರೆದುಕೊಂಡು ಹೋದೆ. ಆಫೀಸು ಅಂದರೆ ಒಂದು ಮಳಿಗೆ, ಒಂದು ಕಂಪ್ಯೂಟರು, ಅದರ ಮುಂದೆ ಡಿಟಿಪಿ ಮಾಡುವ ಶಶಿಕಲಾ.

ಬಾಗಿಲ ಬಳಿ ಒಬ್ಬ ಹೆಂಗಸು ಕೂತಿದ್ದಳು. ಹೆಸರು ಗಂಗಮ್ಮ. ಗಂಡ ತಿಮ್ಮಯ್ಯ ಕೊಬ್ಬರಿ ಮಂಡಿಯಲ್ಲಿ ಕಾಯಿ ಸುಲಿಯುವವನು. ಅಲ್ಲಿ ಕೊಬ್ಬರಿ ಮೂಟೆ ಕಳುವಾಗಿದೆ ಎಂದು ಪೊಲೀಸರು ಅವನನ್ನು ಎತ್ತಿಕೊಂಡು ಹೋಗಿದ್ದರು.

"ಶನಿವಾರ ಕರ್ಕೊಂಡೋದ್ರು ಸ್ವಾಮಿ, ಇನ್ನೂ ಬುಟ್ಟಿಲ್ಲ. ಮುದ್ದೆ ತಗೊಂಡೋದ್ರೆ, ಇಲ್ಲಿ ಯಾರೂ ಇಲ್ಲ ಓಗಮ್ಮ ಅಂತಾರೆ. ಯಾರೂ ಇಲ್ದಿದ್ರೆ ಒಳಗೆ ಕೆಮ್ಮೋರ್ಯಾರು? ನಮ್ಮೆಜಮಾನ್ರ ಕೆಮ್ಮು ನಂಗೊತ್ತಾಗಲ್ವಾ?"

ಶನಿವಾರದಿಂದ ಬುಧವಾರ. ಇಪ್ಪತ್ತನಾಲ್ಕು ಗಂಟೆ ಯಾವತ್ತೋ ಮುಗಿದಿತ್ತು.

ಬೆಳಿಗ್ಗೆಯ ಭಾಷಣದ ಬಿಸಿ ಇನ್ನೂ ಆರಿರಲಿಲ್ಲ. ಅಲ್ಲೇ ಕೂತು ಬರೆದೆ. ತಿಮ್ಮಯ್ಯನ ಹೆಸರು, ಠಾಣೆಯ ಹೆಸರು, ಕೆಮ್ಮಿನ ಸಮೇತ. ರುಸ್ತುಮ್‌ಗೆ ಇಂಗ್ಲಿಷಿನಲ್ಲಿ ವಿವರಿಸಿದೆ. ಅವನು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು ಕೂತ. ಶಶಿಕಲಾ ಟಕಟಕ ಟೈಪ್ ಮಾಡಿ ಮೂರನೇ ಪುಟದಲ್ಲಿ ಕೂರಿಸಿದಳು. ಗಂಗಮ್ಮ ಕಂಪ್ಯೂಟರಿನ ಕಡೆ ಕೈ ಮುಗಿದಳು.

"ಆಗಲಿ ಹೋಗಮ್ಮ, ನಾನು ನೋಡ್ಕೋತೀನಿ" ಎಂದು ಆಕೆಯನ್ನು ಕಳಿಸಿದೆ.

ಕಳಿಸಿ ಏನು ಮಾಡಿದೆ? ಫೋನ್ ಎತ್ತಿದೆ.

ಓದುಗರೇ, ನಿಮ್ಮಿಂದ ಮುಚ್ಚಿಡುವುದೇನಿದೆ? ನಮ್ಮಂಥ ಸಣ್ಣ ಊರಿನ ಪತ್ರಿಕೆಗಳಲ್ಲಿ ಒಂದು ಪದ್ಧತಿ ಇದೆ. ಯಾರ ಬಗ್ಗೆಯಾದರೂ ಖಾರವಾಗಿ ಬರೆದರೆ ಅಚ್ಚಿಗೆ ಹೋಗುವ ಮುಂಚೆ ಅವರಿಗೊಂದು ಫೋನ್. "ನಿಮ್ಮ ಬಗ್ಗೆ ಒಂದು ಸುದ್ದಿ ಬಂದಿದೆ ಸಾರ್. ಹಾಕಲಾ, ಬೇಡವಾ?" ಯಾರೂ ಹೇಳಿಕೊಟ್ಟದ್ದಲ್ಲ, ಯಾರೂ ಹೆದರಿಸಿದ್ದೂ ಅಲ್ಲ. ನಾಳೆ ಮದುವೆ ಮನೆಯಲ್ಲಿ ಒಂದೇ ಪಂಕ್ತಿಯಲ್ಲಿ ಕೂರಬೇಕಲ್ಲ? ಬಸ್ ಸ್ಟ್ಯಾಂಡಿನಲ್ಲಿ ಮುಖ ನೋಡಬೇಕಲ್ಲ? ಇದಕ್ಕೆ ನಾವು ಮರ್ಯಾದೆ ಅನ್ನುತ್ತೇವೆ. ಇಷ್ಟು ವರ್ಷದಲ್ಲಿ ಒಬ್ಬನಾದರೂ "ಹಾಕಿ" ಅಂದಿದ್ದಾನಾ? ನೀವೇ ಹೇಳಿ.

ಸಬ್ ಇನ್ಸ್‌ಪೆಕ್ಟರು ನನಗೆ ಚೆನ್ನಾಗಿ ಗೊತ್ತಿರುವವರು. (ಅವರ ಠಾಣೆಯ ಹೆಸರನ್ನು ಇಲ್ಲಿ ಎರಡು ಸಲ ಬರೆದು ಹೊಡೆದುಹಾಕಿದೆ. ಈಗಲೂ ಕೈ ಬರುತ್ತಿಲ್ಲ.)

"ಏನ್ ಸಾರ್ ನೀವೂನೂ!" ಎಂದರು ಅವರು. "ವಿಚಾರಣೆ ಕಣ್ರೀ. ನಾಳೆ ಬಿಟ್ಟು ಕಳಿಸ್ತೀನಿ. ಇಷ್ಟಕ್ಕೆಲ್ಲ ಪೇಪರಲ್ಲಿ ಹಾಕಿ ನನ್ನ ತಲೆಗೆ ಯಾಕ್ ತರ್ತೀರಾ? ನಾನು ನಿಮ್ಮನ್ನ ನಮ್ಮೋರು ಅಂದ್ಕೊಂಡಿದ್ದೆ."

"ಛೇ ಛೇ, ಹಾಗೇನಿಲ್ಲ ಸಾರ್" ಎಂದೆ. ಎಂದು ನಕ್ಕೆ. ಅದೊಂದು ಹಲ್ಲುಗಿಂಜುವ ನಗು. ಅದನ್ನು ನೆನೆಸಿಕೊಂಡರೆ ಈಗಲೂ ಮೈಯೆಲ್ಲ ಹಿಡಿಯಷ್ಟಾಗುತ್ತದೆ.

ಫೋನ್ ಇಡುವ ಮೊದಲೇ ಶಶಿಕಲಾಳ ಕೈ ಮೌಸಿನ ಮೇಲಿತ್ತು. "ತೆಗೀಲಾ ಸಾರ್?"

"ಮುಂದಿನ ವಾರ ನೋಡೋಣ. ಆ ಜಾಗಕ್ಕೆ ಏನಾದ್ರೂ ಹಾಕಿಬಿಡು."

ರುಸ್ತುಮ್‌ಗೆ ಕನ್ನಡ ಬಾರದು. ಒಂದಕ್ಷರವೂ ಬಾರದು. ಆದರೆ ಅವನು ಕುರ್ಚಿಯನ್ನು ಮೆಲ್ಲಗೆ ಹಿಂದಕ್ಕೆ ತಳ್ಳಿದ.

ಸ್ಟೇಷನ್ನಿಗೆ ನಡೆದೆವು. ಪ್ಲಾಟ್‌ಫಾರ್ಮಿನಲ್ಲಿ ಕಾಫಿ ಹಿಡಿದುಕೊಂಡು ಅವನೇ ಕೇಳಿದ.

"ಪೊಲೀಸಿಗೆ ಫೋನ್ ಮಾಡಿದೆ ಅಲ್ಲವಾ?"

"ಎರಡೂ ಕಡೆಯವರನ್ನು ಕೇಳಬೇಕು. ಅದು ಪತ್ರಿಕಾಧರ್ಮ" ಎಂದೆ.

"ಏನು ಕೇಳಿದೆ? ಆ ಮನುಷ್ಯ ಒಳಗಿದ್ದಾನಾ ಅಂತ ಕೇಳಿದೆಯಾ?"

ನಾನು ಕೇಳಿರಲಿಲ್ಲ. ನಿಜವಾ ಸುಳ್ಳಾ ಎಂದು ಕೇಳಬೇಕು ಅಂತ ಹೊಳೆದೇ ಇರಲಿಲ್ಲ. ಹಾಕಲಾ ಬೇಡವಾ ಎಂದಷ್ಟೇ ಕೇಳಿದ್ದೆ. ಕಾಫಿ ಲೋಟದೊಳಗೆ ನೋಡುತ್ತ ನಿಂತೆ.

"ಆ ನಗು ನಮ್ಮಲ್ಲೂ ಇದೆ" ಎಂದ ರುಸ್ತುಮ್. ವ್ಯಂಗ್ಯವಿರಲಿಲ್ಲ, ಸಿಟ್ಟೂ ಇರಲಿಲ್ಲ. ಕಾಯಿಲೆಯವನೊಬ್ಬ ಇನ್ನೊಬ್ಬ ಕಾಯಿಲೆಯವನ ಹತ್ತಿರ ಮಾತಾಡಿದ ಹಾಗಿತ್ತು. "ಆದರೆ ಕೋಣೆಯಲ್ಲಿ ಕೂರುತ್ತಿದ್ದವನಿಗೆ ನಮ್ಮ ಸರ್ಕಾರ ಸಂಬಳ ಕೊಡುತ್ತಿತ್ತು. ನೀನು ಪುಕ್ಕಟೆ ಮಾಡ್ತೀಯಾ?"

ಅಷ್ಟರಲ್ಲಿ ರೈಲು ಬಂತು. ಬೆಳಿಗ್ಗೆ ಅವನ ಕಣ್ಣಲ್ಲಿ ನಾನು ಕಂಡದ್ದು ಹೊಟ್ಟೆಕಿಚ್ಚಲ್ಲ. ನನ್ನ ಮಾತನ್ನು ಅವನು ನಂಬಿದ್ದ, ಅಷ್ಟೆ. ಅಂಥ ದೇಶವೊಂದು ಇದೆಯಲ್ಲ ಎಂದು ಸಂತೋಷಪಟ್ಟಿದ್ದ. ಒಂದೇ ದಿನದಲ್ಲಿ ಅದನ್ನೂ ಅವನಿಂದ ಕಿತ್ತುಕೊಂಡೆ. ರೈಲು ಹೊರಟಾಗ ಅವನು ಕೈ ಬೀಸಿದ. ನನಗೆ ಕೈ ಎತ್ತುವುದಕ್ಕೂ ನಾಚಿಕೆಯಾಯಿತು.

ಸಬ್ ಇನ್ಸ್‌ಪೆಕ್ಟರು "ನಾಳೆ" ಅಂದಿದ್ದರಲ್ಲ, ಆ ನಾಳೆ ಬಂದದ್ದು ಮುಂದಿನ ಮಂಗಳವಾರ. ಕೇಸಿಲ್ಲ, ಕೋರ್ಟಿಲ್ಲ, ಕಾಗದವಿಲ್ಲ. ಮೂಟೆ ಬೇರೆಲ್ಲೋ ಸಿಕ್ಕಿತಂತೆ. ತಿಮ್ಮಯ್ಯನ ಬಲಗೈ ಭುಜಕ್ಕಿಂತ ಮೇಲೆ ಏಳುತ್ತಿಲ್ಲ. ಕಾಯಿ ಸುಲಿಯುವವನು ಆ ಕೈ ಬಿಟ್ಟು ಹೇಗೆ ದುಡಿಯಬೇಕು? ಗುರುವಾರವೇ ಸುದ್ದಿ ಬಂದಿದ್ದರೆ ಆ ಐದು ದಿನ ತಪ್ಪುತ್ತಿತ್ತೇ? ತಪ್ಪುತ್ತಿತ್ತೋ ಇಲ್ಲವೋ, ನಾನಂತೂ ತಪ್ಪಿಸಲಿಲ್ಲ.

ಇಷ್ಟೇ ಆಗಿದ್ದರೆ ಈ ಅಂಕಣ ಬರೆಯುತ್ತಿರಲಿಲ್ಲ. ನನ್ನ ಯೋಗ್ಯತೆ ನನಗೆ ಗೊತ್ತು, ಮುಚ್ಚಿಟ್ಟುಕೊಂಡು ಇದ್ದುಬಿಡುತ್ತಿದ್ದೆ. ಆದರೆ ಮೊನ್ನೆ ಗಂಗಮ್ಮ ಬಂದಳು. ಸೆರಗಿನ ತುಂಬ ಅವರೆಕಾಯಿ ತಂದು ನನ್ನ ಮೇಜಿನ ಮೇಲೆ ಸುರಿದಳು.

"ನೀವು ಬರ್ದಿದ್ಕೇ ಬುಟ್ರು ಸ್ವಾಮಿ. ಇಲ್ದಿದ್ರೆ ನಮ್ಮಂತೋರ್ನ ಯಾರ್ ಕೇಳ್ತಿದ್ರು? ಆ ಪೇಪರ್ ಒಂದು ಕೊಡಿ. ನಂಗೆ ಓದಕ್ ಬರಾಕಿಲ್ಲ, ಮಗಳ ಕೈಲಿ ಓದ್ಸಿ ಮಡಗ್ತೀನಿ."

ಶಶಿಕಲಾ ತಲೆ ತಗ್ಗಿಸಿದಳು. ನಾನು ಕಂತೆಯಿಂದ ಆ ವಾರದ ಪ್ರತಿ ತೆಗೆದುಕೊಟ್ಟೆ. ಕೊಡದೆ ಏನು ಮಾಡಲಿ?

ಗಂಗಮ್ಮ ಮೇಜಿನ ಮೇಲೆ ಹಾಸಿಕೊಂಡು ಒಂದೊಂದೇ ಪುಟ ತಿರುವಿದಳು. "ನಮ್ದು ಎಲ್ಲೈತೆ, ಬೆರಳಿಟ್ಟು ತೋರ್ಸಿ."

"ಆ ವಾರ..." ಎಂದೆ. "ಆ ವಾರ ಜಾಗ ಆಗಲಿಲ್ಲ ಕಣಮ್ಮ."

ಮೂರನೇ ಪುಟದ ಮೇಲೆ ಆಕೆಯ ಕಣ್ಣು ನಿಂತಿತ್ತು. ಖಾಲಿಯಾದ ಜಾಗಕ್ಕೆ ಶಶಿಕಲಾ ಕೈಗೆ ಸಿಕ್ಕ ಫೋಟೋ ಒಂದನ್ನು ಹಾಕಿದ್ದಳು. ಶಾಲೆ ಮಕ್ಕಳಿಗೆ ನೋಟ್‌ಬುಕ್ ಹಂಚುತ್ತಿರುವ ಸಬ್ ಇನ್ಸ್‌ಪೆಕ್ಟರು, ಅದೇ ಠಾಣೆಯವರು, ನಗುತ್ತ ನಿಂತಿದ್ದರು. ಆ ವಾರದ ಪತ್ರಿಕೆಯನ್ನು ನಾನು ತೆರೆದೇ ಇರಲಿಲ್ಲ, ನಾನೂ ಅದನ್ನು ನೋಡಿದ್ದು ಆಗಲೇ.

ಓದಲು ಬಾರದ ಗಂಗಮ್ಮ ಆ ಮುಖದ ಮೇಲೆ ಬೆರಳಿಟ್ಟು ಕೇಳಿದಳು: "ಇವ್ರಿಗೆ ಜಾಗ ಆಯ್ತಲ್ಲ ಸ್ವಾಮಿ?"