ಓನರಮ್ಮನ ಅರ್ಧ ಕಾರು

ಹೋದ ತಿಂಗಳು ಚಾಮುಂಡಿ ಬೆಟ್ಟ ಹತ್ತುವಾಗ ನನ್ನ ಮುಂದಿದ್ದ ಕಾರಿನಿಂದ ಕ್ಲಚ್ ಪ್ಲೇಟ್ ಸುಟ್ಟ ವಾಸನೆ ಬಂತು. ತಿರುವಿನಲ್ಲಿ ವಾಹನಗಳು ಸಾಲುಗಟ್ಟಿ ನಿಂತಿದ್ದವು. ಆ ಕಾರು ಓಡಿಸುತ್ತಿದ್ದವರಿಗೆ ನನ್ನಷ್ಟೇ ವಯಸ್ಸಿರಬೇಕು. ಪಾಪ, ಹಿಂದಕ್ಕೆ ಜಾರಿಬಿಟ್ಟರೆ ಎಂಬ ಹೆದರಿಕೆಗೆ ಕ್ಲಚ್ಚನ್ನು ಅರ್ಧ ಒತ್ತಿಕೊಂಡೇ ನಿಂತಿದ್ದರು. ಹಿಂದಿನ ಹುಡುಗರು ಹಾರನ್ ಹೊಡೆದು ಅವರ ಜೀವ ತಿನ್ನುತ್ತಿದ್ದರು. ನಾನು ಕಿಟಕಿಯ ಗಾಜು ಏರಿಸಬಹುದಿತ್ತು, ಏರಿಸಲಿಲ್ಲ. ಯಾರಿಗೂ ಇಷ್ಟವಾಗುವ ವಾಸನೆಯಲ್ಲ ಅದು. ಆದರೆ ನನಗೆ ಅದು ಬಂದ ಕೂಡಲೇ ಹರವೆ ಕಡೆಯ ರಸ್ತೆ, ಬೆಳಗಿನ ಬಿಸಿಲು, ಸ್ಟೇರಿಂಗ್ ಹಿಂದೆ ತುಟಿ ಕಚ್ಚಿಕೊಂಡು ಕುಳಿತ ಓನರಮ್ಮ...

ತೊಂಬತ್ತರ ದಶಕದ ನಡುವಿನ ಮಾತು. ಚಾಮರಾಜನಗರ ಆಗಿನ್ನೂ ಜಿಲ್ಲೆಯಾಗಿರಲಿಲ್ಲ. ನಾನು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿ ಬಂದು, ಒಂದು ಮನೆಯ ಹಿಂಭಾಗದಲ್ಲಿ ಬಾಡಿಗೆಗಿದ್ದೆ. ಮನೆಯ ಯಜಮಾನತಿಯನ್ನು ನಾವು ಬಾಡಿಗೆಯವರೆಲ್ಲ ಓನರಮ್ಮ ಎಂದೇ ಕರೆಯುತ್ತಿದ್ದೆವು. ಅರವತ್ತರ ಹತ್ತಿರದ ವಯಸ್ಸು, ಗಟ್ಟಿ ಮೈಕಟ್ಟು, ಅದಕ್ಕಿಂತ ಗಟ್ಟಿ ಗಂಟಲು. ಮಕ್ಕಳಿರಲಿಲ್ಲ. ಅವರ ಯಜಮಾನರು ರೇಷ್ಮೆ ಇಲಾಖೆಯಲ್ಲಿದ್ದು ನಿವೃತ್ತರಾದವರು. ಮಾತಾಡಿದರೆ ಮುತ್ತು ಉದುರಿಹೋಗುತ್ತದೆ ಎನ್ನುವ ಪೈಕಿ. ಹೆಂಡತಿಯೊಂದಿಗೂ ಅಷ್ಟೆ. ಊಟ ಬಡಿಸಿದರೆ ಊಟ, ಕಾಫಿ ಕೊಟ್ಟರೆ ಕಾಫಿ. ಅವರಿಗೆ ಇದ್ದ ಒಂದೇ ಒಂದು ಹುಚ್ಚು ಅಂದರೆ ಹಳೆಯ ಅಂಬಾಸಿಡರ್ ಕಾರು. ಭಾನುವಾರ ಬಂತೆಂದರೆ ಅದನ್ನು ಒರೆಸಿ, ಹೆಂಡತಿಯನ್ನು ಕೂರಿಸಿಕೊಂಡು, ತೆರಕಣಾಂಬಿ ಮೇಲೆ ಗುಂಡ್ಲುಪೇಟೆಗೆ ಹೋಗಿ, ಹೋಟೆಲಿನಲ್ಲಿ ದೋಸೆ ತಿಂದು, ವಾಪಸು ಬರುವುದು. ಅಲ್ಲಿ ನೆಂಟರಿಲ್ಲ, ಕೆಲಸವಿಲ್ಲ, ಬರೀ ಹೋಗಿಬರುವುದು.

ನಾನು ಆ ಮನೆಗೆ ಬರುವ ಮೊದಲೇ ಅವರಿಗೆ ಲಕ್ವ ಹೊಡೆದಿತ್ತು. ಎಡಗೈ, ಎಡಗಾಲು ಎರಡೂ ಕೆಲಸ ಬಿಟ್ಟಿದ್ದವು. ಕಾರು ಓಡಿಸುವುದನ್ನು ಮರೆತುಬಿಡಿ ಎಂದು ಡಾಕ್ಟರು ಹೇಳಿದ್ದರಂತೆ. ನಮ್ಮ ಕಾರುಗಳಲ್ಲಿ ಕ್ಲಚ್ ಎಡಗಾಲಿನದು, ಗೇರು ಎಡಗೈಯದು. ಮನುಷ್ಯ ಕಾರ್ ಶೆಡ್ಡಿಗೆ ಬೆನ್ನು ತಿರುಗಿಸಿ ಜಗುಲಿಯಲ್ಲಿ ಕೂತವರು ಏಳಲೇ ಇಲ್ಲವಂತೆ.

ಹಾಗಿದ್ದರೂ ನಾನು ನೋಡುವ ಹೊತ್ತಿಗೆ ಪ್ರತಿ ಭಾನುವಾರ ಕಾರು ಹೊರಡುತ್ತಿತ್ತು! ಗಂಡ ಹೆಂಡತಿ ಮುಂದಿನ ಸೀಟಿನಲ್ಲಿ ಒಬ್ಬರಿಗೊಬ್ಬರು ಅಂಟಿಕೊಂಡು ಕೂತಿರುತ್ತಿದ್ದರು. ಆ ಕಾರಿನ ಮುಂದಿನ ಸೀಟು ಬೆಂಚಿನ ಹಾಗೆ ಉದ್ದಕ್ಕೆ ಒಂದೇ. ಎಡಗಡೆ ಒಂದಾಳು ಕೂರುವಷ್ಟು ಜಾಗ ಖಾಲಿ ಬಿಟ್ಟು ಓನರಮ್ಮ ಗಂಡನ ತೊಡೆಗೆ ತೊಡೆ ತಾಗಿಸಿ ಕೂತಿದ್ದನ್ನು ಇಡೀ ಬೀದಿ ನೋಡುತ್ತಿತ್ತು. "ಅರವತ್ತಕ್ಕ ಅರಳು ಮರಳು ಅಂದ್ರ ಇದೇ ಕಣವ್ವ" ಎಂದು ಎದುರುಮನೆಯಾಕೆ ನನ್ನ ಕಿವಿಯಲ್ಲಿ ಹೇಳಿ ನಕ್ಕಿದ್ದಳು. ನಾನೂ ನಕ್ಕಿದ್ದೆ.

ಒಂದು ಭಾನುವಾರ ನನಗೂ ಗುಂಡ್ಲುಪೇಟೆಯಲ್ಲಿ ಒಂದು ಮದುವೆಯಿತ್ತು. ಹಿಂದಿನ ಸೀಟಿನಲ್ಲಿ ಬಾ ಎಂದರು ಓನರಮ್ಮ. ಕಾರು ಗೇಟು ದಾಟುವ ಮೊದಲೇ ಗುಟ್ಟು ಗೊತ್ತಾಯಿತು. ಯಜಮಾನರು ಬಲಗೈಯಲ್ಲಿ ಸ್ಟೇರಿಂಗ್ ಹಿಡಿದಿದ್ದರು. ಬ್ರೇಕು, ಆಕ್ಸಿಲರೇಟರ್ ಅವರ ಬಲಗಾಲಿನದು. ಓನರಮ್ಮನ ಬಲಗಾಲು ಅಡ್ಡಕ್ಕೆ ಚಾಚಿಕೊಂಡು ಕ್ಲಚ್ಚಿನ ಮೇಲಿತ್ತು. ಸ್ಟೇರಿಂಗಿನ ಪಕ್ಕದಲ್ಲೇ ಇದ್ದ ಗೇರಿನ ಕಡ್ಡಿಯ ಮೇಲೆ ಅವರ ಬಲಗೈ.

"ಒತ್ತು" ಎಂದರು ಯಜಮಾನರು. ಅವರು ಒತ್ತಿದರು.

"ಎರಡು." ಗೇರು ಬಿತ್ತು.

"ಬುಡು." ಕಾಲು ಮೇಲೆದ್ದಿತು.

ಕಾರು ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಹೋಯಿತು. ನನಗೆ ಮದುವೆ ಊಟಕ್ಕಿಂತ ಅದನ್ನು ನೋಡಿಯೇ ಹೊಟ್ಟೆ ತುಂಬಿತ್ತು. ಇದು ಕಾನೂನೇ, ಕಾಯಿದೆಯೇ ಎಂದು ಕೇಳಬೇಡಿ. ಆ ಕಾಲದಲ್ಲಿ ಆ ರಸ್ತೆಯಲ್ಲಿ ಕೇಳುವವರೂ ಇರಲಿಲ್ಲ.

ಈ ಉಪಾಯ ಓನರಮ್ಮನದೇ. "ನಿಮ್ಗ ಎಡಾ ಇಲ್ಲ, ನಂಗ ಎಲ್ಲಾ ಅದ. ನೀವು ಯೋಳಿ, ನಾ ಒತ್ತೀನಿ" ಎಂದು ಜಗುಲಿಯಿಂದ ಗಂಡನನ್ನು ಎಬ್ಬಿಸಿದ್ದರಂತೆ. ಮುಂದೊಂದು ದಿನ ಹುರಳಿಕಾಳು ಆರಿಸುತ್ತಾ ನನಗೆ ಇನ್ನೊಂದು ಮಾತು ಹೇಳಿದರು. ಇಂಜಿನ್ನಿನ ಸದ್ದು ಕೇಳಿದರೆ ಸಾಕು, ಯಾವಾಗ ಒತ್ತಬೇಕು ಎಂದು ಅವರಿಗೇ ಗೊತ್ತಾಗಿಬಿಡುತ್ತಿತ್ತಂತೆ. "ಆದ್ರೂ ಒತ್ತಲ್ಲ ಕಣಮ್ಮಿ. ಅವ್ರು ಯೋಳ್ಲಿ ಅಂತ ಕಾಯ್ತೀನಿ. ಮನೇಲಿ ಅವ್ರು ನನ್ನ ಏನ್ ಕೇಳಾರು? ಅಲ್ಲಾದ್ರ ದಾರಿಯುದ್ದಕ್ಕೂ ನನ್ನೇ ಮಾತಾಡುಸ್ತಾ ಇರ್ತಾರ." ಒತ್ತು, ಎರಡು, ಬುಡು. ಇದನ್ನು ಮಾತುಕತೆ ಅನ್ನುವ ಹೆಂಗಸನ್ನು ನಾನು ಇನ್ನೊಬ್ಬಳನ್ನು ಕಂಡಿಲ್ಲ. ಅವತ್ತು ನನಗೆ ನಗು ಬರಲಿಲ್ಲ.

ಆ ವರ್ಷದ ಶಿವರಾತ್ರಿ ಕಳೆದ ಮೇಲೆ ಯಜಮಾನರು ತೀರಿಕೊಂಡರು. ಬೆಳಿಗ್ಗೆ ಕಾಫಿ ತೆಗೆದುಕೊಂಡು ಹೋಗಿ ನೋಡಿದರೆ ಎದ್ದಿರಲಿಲ್ಲ. ಓನರಮ್ಮ ಅಳಲಿಲ್ಲ. ಬಂದವರೆಲ್ಲ ಅತ್ತರು, ಇವರು ಬಂದವರಿಗೆ ನೀರು ಕೊಟ್ಟರು. ಕಾರ್ಯವೆಲ್ಲ ಮುಗಿದ ಮೇಲೆ ಅವರ ಮೈದುನ, ಸುಮ್ಮನೆ ತುಕ್ಕು ಹಿಡಿಯುತ್ತದೆ, ಕಾರು ಮಾರಿಬಿಡೋಣ ಎಂದ. ಓನರಮ್ಮ ಆಗುವುದಿಲ್ಲ ಎಂದರು. ನನ್ನ ಹತ್ತಿರ ಬಂದು, "ನಂಗ ಅರ್ಧ ಕಾರು ಬತ್ತದ, ಇನ್ನರ್ಧ ಕಲ್ತ್‌ಬುಟ್ರ ಆಯ್ತು. ಒಂದ್ಸಲ, ನಾನೇ ಓಡುಸ್ಕಂಡು ಗುಂಡ್ಲುಪೇಟೆಗ ಓಗ್ಬುಟ್ಟು ಬರ್ಬೇಕು" ಎಂದರು.

"ಬಸ್ಸಿದೆಯಲ್ಲಮ್ಮ" ಎಂದೆ.

"ಬಸ್ಸಲ್ಲಿ ಓದ್ರ ಊರು ಸಿಕ್ಕದ. ಅವ್ರು ಸಿಕ್ಕಲ್ಲ."

ಕಲಿಸಲು ಒಪ್ಪಿದವರು ಆ ಕಾರನ್ನು ರಿಪೇರಿ ಮಾಡುತ್ತಿದ್ದ ಗ್ಯಾರೇಜಿನ ಭಾಯಿ. ಅವರಿಗೂ ಗಡ್ಡ ಬೆಳ್ಳಗಾಗಿತ್ತು. ಬೆಳಿಗ್ಗೆ ಹರವೆ ಕಡೆಯ ರಸ್ತೆಯಲ್ಲಿ ಪಾಠ. ನನಗೆ ಮಧ್ಯಾಹ್ನದ ಪಾಳಿ ಇದ್ದ ದಿನ ನಾನು ಹಿಂದಿನ ಸೀಟಿನಲ್ಲಿ. ಎಲ್ಲರೂ ಹೆಂಗಸಿಗೆ ಕ್ಲಚ್ಚೇ ಕಷ್ಟ ಎನ್ನುತ್ತಾರೆ, ಇವರಿಗೆ ಕ್ಲಚ್ಚು ನೀರು ಕುಡಿದ ಹಾಗೆ ಬರುತ್ತದೆ, ವಾರದಲ್ಲಿ ಕಲಿತುಬಿಡುತ್ತಾರೆ ಎಂದುಕೊಂಡಿದ್ದೆವು. ನಮ್ಮ ಲೆಕ್ಕ ತಲೆಕೆಳಗಾಯಿತು.

ಓನರಮ್ಮನ ಕ್ಲಚ್ಚು ಇದ್ದದ್ದು ಅವರ ಬಲಗಾಲಿನಲ್ಲಿ. ಡ್ರೈವರ್ ಸೀಟಿನಲ್ಲಿ ಕೂತರೆ ಆ ಬಲಗಾಲು ಆಕ್ಸಿಲರೇಟರ್ ಮೇಲಿರುತ್ತದೆ. ಗೇರು ಬದಲಿಸಬೇಕು ಎಂದಾಗಲೆಲ್ಲ ಅವರ ಬಲಗಾಲು ಪೂರ್ತಿ ಒತ್ತಿಬಿಡುತ್ತಿತ್ತು, ಕಾರು ಕುಪ್ಪಳಿಸುತ್ತಿತ್ತು. ಬಲಗೈ ಸ್ಟೇರಿಂಗ್ ಬಿಟ್ಟು ಗೇರು ಹುಡುಕುತ್ತಿತ್ತು. ಎಡಗಾಲಿಗೆ ಏನೂ ತಿಳಿಯದು. ಕ್ಲಚ್ಚಿನ ಮೇಲೆ ಅರ್ಧ ಊರಿಕೊಂಡು ಸುಮ್ಮನಿದ್ದು ಪ್ಲೇಟ್ ಸುಡುತ್ತಿತ್ತು. ಆ ಬೇಸಿಗೆಯೆಲ್ಲ ಆ ವಾಸನೆ ನನ್ನ ಸೀರೆಗೂ ಹತ್ತಿತ್ತು.

ಒಂದು ಬೆಳಿಗ್ಗೆ ಎದುರಿಗೆ ಎತ್ತಿನ ಗಾಡಿ ಬಂತು. ಭಾಯಿ "ನಿಲ್ಸಿ ಅಮ್ಮಾ, ನಿಲ್ಸಿ" ಎಂದು ಕೂಗಿದರು. ಓನರಮ್ಮ ನಿಲ್ಲಿಸಲೆಂದೇ ಬಲಗಾಲನ್ನು ಇದ್ದಬದ್ದ ಶಕ್ತಿಯೆಲ್ಲ ಹಾಕಿ ಒತ್ತಿದರು. ಕಾರು ಹಾರಿತು. ಭಾಯಿ ಸ್ಟೇರಿಂಗ್ ಎಳೆದದ್ದರಿಂದ ಎತ್ತುಗಳು ಉಳಿದವು, ನಾವು ಹಳ್ಳಕ್ಕಿಳಿದೆವು. ಯಾರಿಗೂ ಏನೂ ಆಗಲಿಲ್ಲ. ಗಾಡಿಯವನು ಮಾತ್ರ ಇಳಿದು ಬಂದು, ಒಳಗೆ ಬಗ್ಗಿ ನೋಡಿ, "ಏನವ್ವಾ, ಈ ವಯಸ್ಸಲ್ಲಿ ನಿಂಗ ಬೇಕಿತ್ತಾ ಇದು?" ಎಂದು ಕೇಳಿ ಹೋದ.

ಹಳ್ಳದ ದಂಡೆಯ ಮೇಲೆ ಕೂತು ಭಾಯಿ ಬೀಡಿ ಹಚ್ಚಿದರು. "ಅಮ್ಮಾ, ಏನೂ ಬರ್ದೇ ಇರೋರ್ಗೆ ಕಲಿಸ್ಬೋದು. ನಿಮ್ಗೆ ಬರ್ತೈತಲ್ಲ, ಅದೇ ಕಷ್ಟ. ಬರೋದನ್ನ ಮೊದ್ಲು ಮರ್ತುಬುಡಿ" ಎಂದರು. ಬೈದದ್ದಲ್ಲ, ಇದ್ದದ್ದು ಹೇಳಿದರು.

ಓನರಮ್ಮ ಸೀರೆಗೆ ಹತ್ತಿದ ಮಣ್ಣು ಕೊಡವಿಕೊಂಡರು. ಆಮೇಲೆ, "ಮರೀತೀನಿ ಬುಡಿ" ಎಂದರು.

ಛಲ ಅಂದರೆ ಅವರದು. ಅಡುಗೆಮನೆಯಲ್ಲಿ ಕುರ್ಚಿ ಹಾಕಿಕೊಂಡು, ಮುಂದೆ ಸಾಲಾಗಿ ಒಂದು ಊಟದ ಮಣೆ, ಒಂದು ಇಟ್ಟಿಗೆ, ಒಂದು ಚಪಾತಿ ಮಣೆ ಇಟ್ಟುಕೊಂಡರು. ಊಟದ ಮಣೆ ಕ್ಲಚ್ಚು, ಇಟ್ಟಿಗೆ ಬ್ರೇಕು, ಚಪಾತಿ ಮಣೆ ಆಕ್ಸಿಲರೇಟರ್. ನಾನು ಬಾಗಿಲಲ್ಲಿ ನಿಂತು "ಎತ್ತಿನ ಗಾಡಿ!", "ನಾಯಿ!", "ಹೆಂಗಸು!" ಎಂದು ಕೂಗಬೇಕು. ಅವರ ಬಲಗಾಲು ಇಟ್ಟಿಗೆಗೆ ಹೋಗಬೇಕು. ತಪ್ಪಿದಾಗಲೆಲ್ಲ ಬಲತೊಡೆಗೆ ತಾವೇ ಒಂದು ಏಟು ಕೊಟ್ಟುಕೊಳ್ಳುತ್ತಿದ್ದರು. ನಾವಿಬ್ಬರೂ ಎಷ್ಟು ನಕ್ಕಿದ್ದೆವು! ಆ ನಗುವಿನ ಕೆಳಗೆ ನಾವು ಏನು ಮಾಡುತ್ತಿದ್ದೆವು ಎಂಬುದು ನನಗೂ ಹೊಳೆಯಲಿಲ್ಲ, ಅವರಿಗೂ ಹೊಳೆದಿರಲಾರದು...

ಮಳೆ ಹಿಡಿಯುವ ಹೊತ್ತಿಗೆ ಕಾಲು ದಾರಿಗೆ ಬಂತು. ಒಂದು ಭಾನುವಾರ ಭಾಯಿಯನ್ನು ಹಿಂದೆ ಕೂರಿಸಿ, ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಓನರಮ್ಮ ಗುಂಡ್ಲುಪೇಟೆಗೆ ಹೊರಟರು. ತಪ್ಪು ಅನ್ನುವುದು ಒಂದೂ ಆಗಲಿಲ್ಲ. ಲಾರಿಗೆ ದಾರಿ ಬಿಟ್ಟರು, ದನಗಳಿಗೆ ನಿಲ್ಲಿಸಿದರು. ಆಚೆ ಈಚೆ ಹೊಲಗಳಲ್ಲಿ ಸೂರ್ಯಕಾಂತಿ ಬಿಟ್ಟಿತ್ತು, ದೂರದಲ್ಲಿ ಗೋಪಾಲಸ್ವಾಮಿ ಬೆಟ್ಟದ ಮೇಲೆ ಮೋಡ ಕೂತಿತ್ತು. ಅವರು ಯಾವುದನ್ನೂ ನೋಡಲಿಲ್ಲ. ನಾನು ಸಂತೋಷಕ್ಕೆ ಚಪ್ಪಾಳೆ ತಟ್ಟಿದೆ. ಹೋಟೆಲಿನಲ್ಲಿ ನಾನೂ ಭಾಯಿಯೂ ದೋಸೆ ತಿಂದೆವು, ಅವರು ಬರೀ ಕಾಫಿ ಕುಡಿದರು.

ವಾಪಸು ಬರುವಾಗ ತೆರಕಣಾಂಬಿ ಇನ್ನೂ ದೂರವಿದೆ ಎನ್ನುವಲ್ಲಿ, ಜನವಿಲ್ಲದ ಕಡೆ, ಓನರಮ್ಮ ಕಾರು ನಿಲ್ಲಿಸಿದರು. "ಭಾಯಿ, ನೀವು ಸ್ಟೇರಿಂಗ್ ಹಿಡೀರಿ. ನಾನು ನನ್ ಜಾಗದಲ್ಲಿ ಕೂತ್ಕತೀನಿ" ಎಂದರು.

ಭಾಯಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. "ಯಾರಾದ್ರೂ ನೋಡಿದ್ರೆ ಚೆನ್ನಾಗಿರಲ್ಲ ಅಮ್ಮಾ" ಎಂದು ತಲೆ ಕೆರೆದುಕೊಂಡರು. ಕೊನೆಗೆ ಸ್ಟೇರಿಂಗ್ ಮುಂದೆ ಕೂತರು. ಮೈ ತಾಗಬಾರದೆಂದು ಬಾಗಿಲಿಗೆ ಎಷ್ಟು ಒತ್ತಿಕೊಂಡಿದ್ದರೆಂದರೆ ಬಾಗಿಲು ತೆಗೆದಿದ್ದರೆ ರಸ್ತೆಗೆ ಬೀಳುತ್ತಿದ್ದರು. ತಮ್ಮ ಎಡಗಾಲು, ಎಡಗೈ ಎರಡನ್ನೂ ಮಡಚಿಟ್ಟುಕೊಂಡರು. ಓನರಮ್ಮ ನಡುವೆ ಸರಿದು ಬಲಗಾಲು ಚಾಚಿದರು. ನಾನು ಎಡಗಡೆಯಿದ್ದೆ.

"ಒತ್ತಿ ಅಮ್ಮಾ" ಎಂದರು ಭಾಯಿ.

ಕಾಲು ತಡವರಿಸಿತು. ಹೋಗಿ ಕ್ಲಚ್ಚಿನ ಮೇಲೆ ಕೂತಿತು, ಆದರೆ ಬ್ರೇಕಿಗೆ ಒತ್ತುವ ಹಾಗೆ ಮೆಲ್ಲಗೆ ಒತ್ತಿತು. ಗೇರು ಕರಕರ ಹಲ್ಲು ಕಡಿಯಿತು. ಕಾರು ಎಗರಿ ನಿಂತುಹೋಯಿತು. ಮತ್ತೆ ಸ್ಟಾರ್ಟ್ ಮಾಡಿದರು. ಮತ್ತೆ ಹಾಗೇ ಆಯಿತು. ಈ ಸಲ ಗೇರಿಗೆ ಬಲಗೈಯ ಬದಲು ಎಡಗೈ ಹೋಗಿತ್ತು. ಬೇಸಿಗೆಯುದ್ದಕ್ಕೂ ತೊಡೆಗೆ ಹೊಡೆದು ಹೊಡೆದು ಮರೆಸಿದ್ದು ಚೆನ್ನಾಗಿಯೇ ಮರೆತುಹೋಗಿತ್ತು.

"ಇಲ್ಲ ಕಣಮ್ಮಿ. ಓಗ್ಬುಡ್ತು" ಎಂದರು ಓನರಮ್ಮ.

"ಮತ್ತೆ ಕಲಿಯಬಹುದಮ್ಮ" ಎಂದೆ.

ಅವರು ನನ್ನ ಮುಖ ನೋಡಿದರು. "ಯಾರ ಪಕ್ಕದಲ್ಲಿ ಕೂತ್ಕಂಡು?" ಎಂದರು.

ಗಂಡ ಸತ್ತಾಗ ಅಳದ ಹೆಂಗಸು ಆ ರಸ್ತೆಯಲ್ಲಿ ಅತ್ತರು. ಭಾಯಿ ಇಳಿದು ಹೋಗಿ ಹೊಲದ ಕಡೆ ಮುಖ ಮಾಡಿ ನಿಂತುಬಿಟ್ಟರು. ನಾನು ಕೈ ಹಿಡಿದುಕೊಂಡೆ, ಅಷ್ಟೆ. ಅವತ್ತು ಕಾರನ್ನು ಊರಿಗೆ ತಂದವರು ಭಾಯಿ. ಆ ವಾರವೇ ಓನರಮ್ಮ ಮೈದುನನಿಗೆ ಕಾರು ಮಾರಿಬಿಡು ಎಂದರು. ಅಷ್ಟು ಕಷ್ಟಪಟ್ಟು ಕಲಿತವರು ಅದಾದ ಮೇಲೆ ಒಂದು ದಿನವೂ ಸ್ಟೇರಿಂಗ್ ಮುಟ್ಟಲಿಲ್ಲ. ಮಾತೂ ಕಡಿಮೆಯಾಯಿತು. ಗಂಡನ ಹಾಗೆಯೇ ಜಗುಲಿಯಲ್ಲಿ ಕೂತಿರುತ್ತಿದ್ದರು. ಎದ್ದೇಳಿ ಎನ್ನಲು ಮನೆಯಲ್ಲಿ ಯಾರಿದ್ದರು? ನನಗೆ ಮೈಸೂರಿಗೆ ವರ್ಗವಾಯಿತು. ಒಂದೆರಡು ಸಲ ಹೋಗಿ ನೋಡಿ ಬಂದೆ. ಆಮೇಲೊಂದು ದಿನ ಹಳೆಯ ಸಹೋದ್ಯೋಗಿಯೊಬ್ಬಳು ಫೋನಿನಲ್ಲಿ ಬೇರೇನೋ ಮಾತಾಡುತ್ತಾ, ನಿಮ್ಮ ಓನರಮ್ಮ ಹೋಗಿಬಿಟ್ಟರಲ್ಲ, ಗೊತ್ತಾಗಲಿಲ್ಲವೇ ಎಂದಳು.

ಈಗ ನನಗೂ ಅರವತ್ತು ದಾಟಿದೆ. ಎಡಮಂಡಿ ಸವೆದಿದೆ, ಕ್ಲಚ್ ಒತ್ತುವ ಕಾರು ಬಿಡಿ ಎಂದು ಡಾಕ್ಟರು ಹೇಳಿದ್ದಾರೆ. ಮೊನ್ನೆ ಆಟೊಮ್ಯಾಟಿಕ್ ಕಾರಿಗೆ ಹೇಳಿ ಬಂದೆ. ಶೋರೂಮಿನ ಹುಡುಗಿ ಬಹಳ ಉತ್ಸಾಹದಿಂದ, "ಎಡಗಾಲಿಗೆ ಕೆಲಸಾನೇ ಇಲ್ಲ ಮೇಡಂ, ಆರಾಮಾಗಿ ಮರೆತುಬಿಡಿ" ಎಂದಳು. ಮರೆಯುವುದಕ್ಕೇನು, ಮರೆಯುತ್ತದೆ. ಅಷ್ಟು ಪ್ರೀತಿಯಿಂದ ಕಲಿತದ್ದನ್ನು ಮರೆಯಲು ಓನರಮ್ಮನ ಕಾಲಿಗೆ ಒಂದು ಬೇಸಿಗೆ ಸಾಕಾಗಿತ್ತು. ನನ್ನದಕ್ಕೆ ಅಷ್ಟೂ ಬೇಡ.